ಗ್ರೋ ಲೈಟ್, ಜಿಂಕೆ ಬಲೆ, ಮೊಟ್ಟೆ ಸ್ಪ್ರೇ: ನ್ಯೂಜೆರ್ಸಿ ಹಿತ್ತಲಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಮೊದಲು ಅಂಕ ಕೊಟ್ಟುಬಿಡುತ್ತೇವೆ. ನಾಲ್ಕಡಿ ಉದ್ದದ 42 ವ್ಯಾಟ್ ಎಲ್ಇಡಿ ಗ್ರೋ ಲೈಟಿಗೆ (ಒಳಗಿಟ್ಟ ಗಿಡಕ್ಕೆ ಬಿಸಿಲಿನ ಬದಲು ಉರಿಸುವ ದೀಪ) ಐದಕ್ಕೆ ನಾಲ್ಕೂವರೆ. ಏಳೂವರೆ ಅಡಿ ಎತ್ತರ, ನೂರಡಿ ಉದ್ದದ, ಜಿಂಕೆ ಒಳಗೆ ಬಾರದಂತೆ ಬೇಲಿಯಾಗಿ ಕಟ್ಟುವ ಕಪ್ಪು ಪಾಲಿಪ್ರೊಪಿಲೀನ್ ಬಲೆಗೆ ನಾಲ್ಕು. ಆ ಬಲೆಯ ಡಬ್ಬದಲ್ಲೇ ಬರುವ ಪ್ಲಾಸ್ಟಿಕ್ ಗೂಟ ಮತ್ತು ಟೈಗಳಿಗೆ ಒಂದು, ಅದೂ ದಾಕ್ಷಿಣ್ಯಕ್ಕೆ. ಜಿಂಕೆಯನ್ನು ದೂರವಿಡಲು ಗಿಡಕ್ಕೆ ಹೊಡೆಯುವ ಮೊಟ್ಟೆ-ಬೆಳ್ಳುಳ್ಳಿಯ ಸ್ಪ್ರೇಗೆ ಎರಡೂವರೆ. ಕಂಪನಿಗಳ ಹೆಸರು ಹಾಕಿಲ್ಲ. ಇದೇ ಅಳತೆಯ ಸಾಮಾನನ್ನು ಹಲವರು ಮಾರುತ್ತಾರೆ, ಗುಣದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ.

ಲೈಟು, ಬೇಲಿ ಎರಡನ್ನೂ ಒಂದೇ ವಿಮರ್ಶೆಯಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಕುಂಡದ ದಾಸವಾಳವನ್ನು ಚಳಿಗಾಲವಿಡೀ ಒಳಗಿಟ್ಟು ಕಾಪಾಡಿ ಮೇ ತಿಂಗಳಲ್ಲಿ ಹೊರಗಿಟ್ಟರೆ, ಆ ಗಿಡದ ಮೈಮೇಲೆ ಇರುವುದು ಎಳೆ ಚಿಗುರು ಮತ್ತು ಮೊಗ್ಗು ಮಾತ್ರ. ಬಿಳಿಬಾಲದ ಜಿಂಕೆ ಹುಡುಕುವುದೂ ಅದನ್ನೇ. ಆರು ತಿಂಗಳ ಕರೆಂಟು, ನೀರು, ಬೇವಿನೆಣ್ಣೆಯ ಖರ್ಚನ್ನು ಅದು ಒಂದು ರಾತ್ರಿಯಲ್ಲಿ ಮೇಯುತ್ತದೆ. ಒಂದಕ್ಕೆ ದುಡ್ಡು ಹಾಕಿ ಇನ್ನೊಂದನ್ನು ಬಿಟ್ಟರೆ ಮೊದಲನೆಯದೂ ದಂಡ.

ಲೈಟಿನ ವಿಷಯ

ಮಧ್ಯ ನ್ಯೂಜೆರ್ಸಿಯಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲು ಸುಮಾರು 9 ಗಂಟೆ 20 ನಿಮಿಷ. ಬೆಂಗಳೂರಲ್ಲಿ ಅದೇ ದಿನ ಹನ್ನೊಂದು ಗಂಟೆಗೂ ಹೆಚ್ಚು. ಕರಿಬೇವು, ದಾಸವಾಳ, ದುಂಡುಮಲ್ಲಿಗೆ ಒಳಗೆ ಸೊರಗುವುದಕ್ಕೆ ಚಳಿಗಿಂತ ಈ ಬೆಳಕಿನ ಕೊರತೆಯೇ ದೊಡ್ಡ ಕಾರಣ, ಏಕೆಂದರೆ ಮನೆಯೊಳಗೆ ಹೇಗೂ 68 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ದಕ್ಷಿಣದ ಕಿಟಕಿ ಇದ್ದವರಿಗೂ ಡಿಸೆಂಬರ್, ಜನವರಿಯಲ್ಲಿ ಅದೊಂದೇ ಸಾಲದು.

ಡಬ್ಬದ ಮೇಲೆ '400 ವ್ಯಾಟ್‌ಗೆ ಸಮ' ಎಂದೆಲ್ಲ ಬರೆದಿರುತ್ತದೆ. ಅದನ್ನು ಬಿಟ್ಟು ಗೋಡೆಯ ಪ್ಲಗ್ಗಿನಿಂದ ನಿಜವಾಗಿ ಎಳೆಯುವ ವ್ಯಾಟ್ ನೋಡಿ. ಲ್ಯೂಮೆನ್ ನಮ್ಮ ಕಣ್ಣಿನ ಲೆಕ್ಕ. ಗಿಡದ ಲೆಕ್ಕ ಮೈಕ್ರೊಮೋಲ್, ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಬೀಳುವ, ಗಿಡ ಬಳಸಬಲ್ಲ ಬೆಳಕಿನ ಕಣಗಳ ಎಣಿಕೆ. ನಮ್ಮ ಲೈಟಿನ ಹಾಳೆಯಲ್ಲಿ 12 ಇಂಚು ದೂರಕ್ಕೆ 200 ಮೈಕ್ರೊಮೋಲ್ ಎಂದಿದೆ. ದಿನಕ್ಕೆ 14 ಗಂಟೆ ಉರಿಸಿದರೆ ಎಲೆಗೆ ಬೀಳುವುದು ಒಟ್ಟು 10 ಮೋಲ್ (ಒಂದು ಮೋಲ್ ಎಂದರೆ ಹತ್ತು ಲಕ್ಷ ಮೈಕ್ರೊಮೋಲ್). ಜೂನ್ ತಿಂಗಳ ತೆರೆದ ಬಿಸಿಲಲ್ಲಿ ಇದು 40ರ ಆಸುಪಾಸು. ಹಾಗಾಗಿ ಈ ಲೈಟು ಗಿಡವನ್ನು ಉಳಿಸುತ್ತದೆಯೇ ಹೊರತು ಬೆಳೆಸುವುದಿಲ್ಲ. ಜನವರಿಯಲ್ಲಿ ಕೈತುಂಬ ಕರಿಬೇವು ಕೊಯ್ಯುವ ಆಸೆಯಿಂದ ಕೊಂಡವರು ಒಂದು ಸ್ಟಾರ್ ಕೊಟ್ಟಿರುವುದನ್ನು ನೋಡಿದ್ದೇವೆ. ತಪ್ಪು ಲೈಟಿನದಲ್ಲ.

ಖರ್ಚು: ಎರಡು ಲೈಟು, 84 ವ್ಯಾಟ್, ದಿನಕ್ಕೆ 14 ಗಂಟೆ ಎಂದರೆ ತಿಂಗಳಿಗೆ ಸುಮಾರು 35 ಯೂನಿಟ್. ಯೂನಿಟ್ಟಿಗೆ 20 ಸೆಂಟ್ ಹಿಡಿದರೆ 7 ಡಾಲರ್. ಟೈಮರ್ ಬೇಕೇ ಬೇಕು. ಮುಳ್ಳು ತಿರುಗಿಸುವ ಹಳೆಯ ಮಾದರಿ ಕರೆಂಟು ಹೋಗಿಬಂದರೆ ಹಿಂದೆ ಬೀಳುತ್ತದೆ, ಬ್ಯಾಟರಿ ಇರುವ ಡಿಜಿಟಲ್ ತೆಗೆದುಕೊಳ್ಳಿ.

ಎಲ್ಲರೂ ಎಡವುವುದು ದೂರದ ವಿಷಯದಲ್ಲಿ. ಲೈಟನ್ನು ಚಾವಣಿಗೆ ತೂಗಿಹಾಕಿ, ಮೂರಡಿ ಕೆಳಗೆ ಕುಂಡಗಳ ಸಾಲು ಇಟ್ಟರೆ ಅದು ಕೋಣೆಗೆ ಅಲಂಕಾರ, ಅಷ್ಟೆ. ತುದಿ ಎಲೆಯಿಂದ 10ರಿಂದ 12 ಇಂಚಿರಬೇಕು, ಗಿಡ ಬೆಳೆದಂತೆ ಸರಪಳಿಯ ಕೊಂಡಿ ಮೇಲಕ್ಕೇರಿಸಬೇಕು. ಗೆಣ್ಣಿಂದ ಗೆಣ್ಣಿಗೆ ಅಂತರ ಹೆಚ್ಚಿ ಕಾಂಡ ತೆಳುವಾದರೆ ಲೈಟು ದೂರವಾಗಿದೆ. ತುದಿ ಎಲೆ ಬಿಳಿಚಿ ಅಂಚು ಸುರುಟಿದರೆ ಹತ್ತಿರವಾಗಿದೆ. ನಾಲ್ಕಡಿ ಎತ್ತರದ ಕರಿಬೇವಿಗೆ ಮೇಲಿಂದ ಬೆಳಕು ಬಿಟ್ಟರೆ ಕೆಳಗಿನ ಕೊಂಬೆಗೆ ಏನೂ ದಕ್ಕುವುದಿಲ್ಲ. ಅದಕ್ಕೆ ಲೈಟನ್ನು ಅಡ್ಡ ಬಿಟ್ಟು ಉದ್ದಕ್ಕೆ, ಗಿಡದ ಪಕ್ಕದಲ್ಲಿ ಕಂಬದ ಹಾಗೆ ನಿಲ್ಲಿಸಿ, ವಾರಕ್ಕೊಮ್ಮೆ ಕುಂಡವನ್ನು ಕಾಲುಸುತ್ತು ತಿರುಗಿಸಿ. ಕೈಪಿಡಿಯಲ್ಲಿ ಈ ಮಾತಿಲ್ಲ, ಆದರೆ ನಮಗೆ ಅತಿ ಹೆಚ್ಚು ಫಲ ಕೊಟ್ಟ ಬದಲಾವಣೆ ಇದೇ.

ಅರ್ಧ ಅಂಕ ಕಡಿದದ್ದು ಒಂದು ಲೈಟಿನಿಂದ ಇನ್ನೊಂದಕ್ಕೆ ಸಿಕ್ಕಿಸುವ ಕರೆಂಟಿನ ತಂತಿಗೆ. ತುಂಬ ಗಿಡ್ಡ, ಅದರ ತೂಕವೆಲ್ಲ ಸಾಕೆಟ್ಟಿನ ಮೇಲೆ ಬಿದ್ದು ಸಡಿಲವಾಗುತ್ತದೆ.

ಒಳಗೆ ತರುವಾಗ

ರಾತ್ರಿಯ ಉಷ್ಣಾಂಶ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಸೆಲ್ಸಿಯಸ್‌ಗೆ ಇಳಿಯುವ ಮುಂಚೆಯೇ ಕುಂಡ ಒಳಗೆ ಬರಬೇಕು. ಮೊದಲ ಹಿಮಮಣಿ ಬೀಳಲಿ ಎಂದು ಕಾಯುವವರು ಎಲೆ ಉದುರಿದ ಮೇಲೆ ಲೈಟನ್ನು ಬೈಯುತ್ತಾರೆ. ತರುವ ಮುಂಚೆ ಹೋಸ್‌ಪೈಪಿನಿಂದ ಎಲೆಯಡಿಗೆ ಜೋರಾಗಿ ನೀರು ಹಾಯಿಸಿ. ಗಿಡ ತೀರಾ ಹರಡಿದ್ದರೆ ಮೂರನೇ ಒಂದು ಭಾಗ ಕತ್ತರಿಸಿ. ಆಮೇಲೆ ಎರಡು ವಾರ ಬೇರೆ ಗಿಡಗಳಿಂದ ದೂರ ಇಡಿ.

ದಾಸವಾಳದಲ್ಲಿ ಬಿಳಿ ನೊಣ ಮತ್ತು ಜೇಡನುಸಿ, ಕರಿಬೇವಿನಲ್ಲಿ ಶಲ್ಕ ಕೀಟ, ಮಲ್ಲಿಗೆಯ ಕವಲುಗಳಲ್ಲಿ ಹಿಟ್ಟು ತಿಗಣೆ. ಹೊರಗೆ ಇವನ್ನು ತಿನ್ನುವ ಹುಳುಗಳಿರುತ್ತವೆ, ಮಳೆ ತೊಳೆಯುತ್ತದೆ. ಒಳಗೆ ಹೀಟರಿನ ಒಣಗಾಳಿಯಲ್ಲಿ ನುಸಿಗೆ ಹಬ್ಬ. ಒಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ಬೆಚ್ಚಗಿನ ನೀರಿಗೆ ಒಂದೂವರೆ ಟೀ ಚಮಚ ತೋಟಗಾರಿಕೆಯ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಹಾಕಿ ಚೆನ್ನಾಗಿ ಕುಲುಕಿ, ಲೈಟು ಆರಿದ ಮೇಲೆ ಎಲೆಯಡಿಗೆ ಸಿಂಪಡಿಸಿ. ಉರಿಯುವ ಲೈಟಿನ ಕೆಳಗೆ ಹೊಡೆದರೆ ಎಲೆ ಸುಡುತ್ತದೆ. ಒಂದು ಸಲ ಹೊಡೆದರೆ ಸಾಲದು, ಮೊಟ್ಟೆಗಳು ಉಳಿದಿರುತ್ತವೆ. ವಾರಕ್ಕೊಂದರಂತೆ ಮೂರು ಸಲ. ಕರಿಬೇವಿನ ಎಲೆ ಜಿಗುಟಾಗಿ, ಮೇಲೆ ಕಾಡಿಗೆಯಂಥ ಕಪ್ಪು ಕೂತಿದ್ದರೆ ಅದು ಶಲ್ಕ ಕೀಟದ ಸಿಹಿದ್ರವದ ಮೇಲೆ ಬೆಳೆದ ಬೂಸ್ಟು. ಕಾಂಡದ ಮೇಲಿನ ಕಂದು ಬೊಟ್ಟುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯದೆ ಎಣ್ಣೆ ಹೊಡೆದು ಪ್ರಯೋಜನವಿಲ್ಲ.

ನೀರು ಕಡಿಮೆ, ಗೊಬ್ಬರ ಇಲ್ಲವೇ ಇಲ್ಲ, ಫೆಬ್ರವರಿ ಕೊನೆಯವರೆಗೂ. ಎರಡಿಂಚು ಆಳದವರೆಗೆ ಮಣ್ಣು ಒಣಗಿದ ಮೇಲೆ ಉಗುರುಬೆಚ್ಚಗಿನ ನೀರು. ಇಲ್ಲಿಯ ಚಳಿಗಾಲದ ನಲ್ಲಿನೀರನ್ನು ನೇರ ಹಾಕಿದರೆ ಬೇರು ಮುದುಡುತ್ತದೆ. ಮಣ್ಣು ಸದಾ ಒದ್ದೆಯಿದ್ದರೆ ಸಣ್ಣ ಕಪ್ಪು ನೊಣ ಏಳುತ್ತವೆ. ಸೊಳ್ಳೆಮರಿ ಕೊಲ್ಲುವ ಬಿಟಿಐ ಬಿಲ್ಲೆಯ ಚೂರನ್ನು ರಾತ್ರಿ ನೆನೆಸಿ ಆ ನೀರು ಹಾಕಿದರೆ ಮರಿಹುಳು ಸಾಯುತ್ತವೆ. ಕರಿಬೇವು ಪೂರಾ ಎಲೆ ಉದುರಿಸಿ ಬೋಳಾದರೆ ಬಿಸಾಡಬೇಡಿ. ಕಾಂಡವನ್ನು ಉಗುರಿನಿಂದ ಗೀರಿ ನೋಡಿ, ತೊಗಟೆಯಡಿ ಹಸಿರಿದ್ದರೆ ಗಿಡ ಮಲಗಿದೆ ಅಷ್ಟೆ. ಬೋಳು ಗಿಡಕ್ಕೆ ಮರುಕಪಟ್ಟು ನೀರು ಸುರಿದೇ ಹೆಚ್ಚಿನವರು ಕೊಲ್ಲುವುದು.

ದೊಡ್ಡಪತ್ರೆಗೆ ಈ ಸೇವೆಯೆಲ್ಲ ಬೇಡ, ತುಂಡು ಮುರಿದು ಲೋಟದ ನೀರಲ್ಲಿಟ್ಟರೆ ಬೇರು ಬಿಡುತ್ತದೆ. ವೀಳ್ಯದೆಲೆಗೆ ತೇವದ ಗಾಳಿ ಬೇಕು. ಹ್ಯೂಮಿಡಿಫೈಯರ್ ಇಲ್ಲದೆ ಆಗದು, ಕಲ್ಲು-ನೀರಿನ ತಟ್ಟೆಯೆಲ್ಲ ಸಮಾಧಾನಕ್ಕೆ. ತುಳಸಿಯ ಬೀಜ ಎತ್ತಿಟ್ಟುಕೊಳ್ಳಿ.

ಬೇಲಿ

ಬಲೆ ಗಟ್ಟಿ. ಸೋಲುವುದು ಬಲೆಯಲ್ಲ, ಅದರ ಬುಡ ಮತ್ತು ಗೇಟು.

ಜಿಂಕೆ ಎಂದರೆ ಹಾರುವ ಪ್ರಾಣಿ ಎಂದು ಎಲ್ಲರೂ ಎತ್ತರಕ್ಕೇ ದುಡ್ಡು ಹಾಕುತ್ತಾರೆ. ಏಳಡಿ ಹಾರುವ ಶಕ್ತಿ ಅದಕ್ಕಿದೆ ನಿಜ. ಆದರೆ ಹಾರುವ ಮುಂಚೆ ಅದು ಬೇಲಿಯ ಉದ್ದಕ್ಕೂ ನಡೆದು ಮೂತಿಯಿಂದ ಬುಡ ಎತ್ತಿ ನೋಡುತ್ತದೆ. ಒಂದಡಿಗೂ ಕಡಿಮೆ ಸಂದಿಯಲ್ಲಿ ನುಸುಳಿ ಬರುತ್ತದೆ, ಮರಿಗಳಂತೂ ಇನ್ನೂ ಸಲೀಸು. ಹಾಗಾಗಿ ಬಲೆಯ ಕೆಳಗಿನ ಆರಿಂಚನ್ನು ಹೊರಗಡೆಗೆ ಮಡಿಸಿ ನೆಲಕ್ಕೆ ಹಾಸಿ, ಮೂರಡಿಗೊಂದು ಗೂಟ ಹೊಡೆಯಬೇಕು. ಒಳಗಡೆಗೆ ಮಡಿಸಿದರೆ ಜಿಂಕೆ ನಿಲ್ಲುವ ಕಡೆ ಅಡ್ಡಿಯೇ ಇರುವುದಿಲ್ಲ. ಹೊರಗೆ ಮಡಿಸಿದರೆ ತಾನೇ ಅದರ ಮೇಲೆ ನಿಂತು ಬಲೆಯನ್ನು ಎತ್ತಲಾರದು. ಡಬ್ಬದ ಪ್ಲಾಸ್ಟಿಕ್ ಗೂಟ ಚಳಿಯಲ್ಲಿ ಪಟ್ಟನೆ ಮುರಿಯುತ್ತದೆ. 12 ಇಂಚಿನ ಕಬ್ಬಿಣದ ಗೂಟ, ತುದಿ ಕೊಕ್ಕೆಯಾಗಿರುವಂಥದ್ದು, ಬೇರೆಯಾಗಿ ಕೊಳ್ಳಿ.

ಮಡಿಸಿದ ಮೇಲೆ ಉಳಿಯುವ ಎತ್ತರ ಏಳಡಿ. ಎಂಟು ಬೇಕೆನ್ನುವವರು ಇನ್ನೂ ಉದ್ದದ ಕಂಬ ಹಾಕಿ ಮೇಲೆ ದಪ್ಪ ನೈಲಾನ್ ತಂತಿ ಎರಡು ಸಾಲು ಎಳೆಯಬಹುದು. ಚಿಕ್ಕ ಜಾಗಕ್ಕೆ ಅಷ್ಟು ಅಗತ್ಯ ಬೀಳಲಿಲ್ಲ. ಇಳಿಯಲು ಜಾಗ ಸಾಲದು ಎನ್ನಿಸಿದ ಕಡೆ ಜಿಂಕೆ ಹಾರಲು ಹಿಂಜರಿಯುತ್ತದೆ.

ನೂರಡಿ ರೋಲಿಗೆ ಸರಿಹೊಂದುವ ಲೆಕ್ಕ 24 ಅಡಿಗೆ 24 ಅಡಿ. ಸುತ್ತಳತೆ 96, ಉಳಿದ ನಾಲ್ಕಡಿ ಗೇಟಿನ ಹತ್ತಿರ ಒಂದರ ಮೇಲೊಂದು ಬರಲು. ಎಂಟಡಿಗೊಂದರಂತೆ 12 ಕಂಬ, ಗೇಟಿಗೆ ಒಂದು ಹೆಚ್ಚು. ಹತ್ತಡಿಯ ಕಬ್ಬಿಣದ ಟಿ-ಪೋಸ್ಟ್ ತಂದು ಎರಡೂವರೆಯಿಂದ ಮೂರಡಿ ನೆಲಕ್ಕಿಳಿಸಿ. ಇಳಿಸುವ ಮುಂಚೆ 811ಕ್ಕೆ ಫೋನ್ ಮಾಡಿದರೆ ಗ್ಯಾಸು, ಕರೆಂಟಿನ ಲೈನುಗಳನ್ನು ಪುಕ್ಕಟೆ ಗುರುತು ಮಾಡಿಹೋಗುತ್ತಾರೆ. ಟೌನ್‌ಶಿಪ್‌ (ಊರಿನ ಸ್ಥಳೀಯ ಆಡಳಿತ) ಕಚೇರಿಯಲ್ಲಿ ಕೇಳುವುದನ್ನೂ ಮರೆಯಬೇಡಿ. ಬೇಲಿ ಆರಡಿ ಮೀರಬಾರದು ಎಂಬ ನಿಯಮ ಎಷ್ಟೋ ಊರುಗಳಲ್ಲಿದೆ, ಮನೆಮಾಲೀಕರ ಸಂಘದ ನಿಯಮ ಬೇರೆ. ಆರಡಿಯೇ ಗತಿಯಾದರೆ ಬಲೆಗಿಂತ ಆಚೆ ಕಾಣದ ಮರದ ಹಲಗೆ ಬೇಲಿ ವಾಸಿ, ಇಳಿಯುವ ಜಾಗ ಕಾಣದೆ ಜಿಂಕೆ ಸಾಮಾನ್ಯವಾಗಿ ಹಾರುವುದಿಲ್ಲ.

ಕಂಬದ ತುದಿಯಿಂದ ತುದಿಗೆ ತಂತಿ ಎಳೆದು ಬಲೆಯ ಮೇಲಂಚನ್ನು ಅದಕ್ಕೆ ಕಟ್ಟದಿದ್ದರೆ ಮೊದಲ ಒದ್ದೆ ಹಿಮಕ್ಕೇ ಬಲೆ ಹೊಟ್ಟೆಬಿಡುತ್ತದೆ. ಬಿಸಿಲು ತಡೆಯುವ ಕಪ್ಪು ಜಿಪ್ ಟೈ ಬಳಸಿ. ಬಿಳಿಯವು ಒಂದೆರಡು ಬೇಸಿಗೆಯಲ್ಲಿ ಪುಡಿಯಾಗುತ್ತವೆ. ಕಪ್ಪು ಬಲೆ ಮುಸ್ಸಂಜೆಯಲ್ಲಿ ಕಾಣುವುದಿಲ್ಲವಾದ್ದರಿಂದ ಓಡಿಬರುವ ಜಿಂಕೆ ನೇರ ಬಂದು ಗುದ್ದುತ್ತದೆ. ಮೊದಲ ಕೆಲವು ವಾರ ನಾಲ್ಕಡಿ ಎತ್ತರದಲ್ಲಿ, ಎರಡು ಕಂಬಗಳ ನಡುವೆ ಒಂದೊಂದು ಬಿಳಿ ಪಟ್ಟಿ ಕಟ್ಟಿ.

ಮೊಲ ಮತ್ತು ಗ್ರೌಂಡ್‌ಹಾಗ್ (ಬಿಲ ತೋಡುವ, ಅಳಿಲಿನ ಜಾತಿಯ ದಪ್ಪ ಪ್ರಾಣಿ) ಈ ಪ್ಲಾಸ್ಟಿಕ್ಕನ್ನು ಲೀಲಾಜಾಲವಾಗಿ ಕಡಿಯುತ್ತವೆ. ತೂತು ಬಿದ್ದ ಮೇಲೆ ಹಣೆ ಚಚ್ಚಿಕೊಳ್ಳುವ ಬದಲು ಮೊದಲೇ ಬುಡಕ್ಕೆ ಎರಡಡಿ ಎತ್ತರದ, ಒಂದಿಂಚು ಕಣ್ಣಿನ ಕಬ್ಬಿಣದ ಜಾಲರಿ ಸೇರಿಸಿ. ಯಾರು ತಿಂದದ್ದು ಎಂದು ತಿಳಿಯಲು ಕಾಂಡ ನೋಡಿದರೆ ಸಾಕು. ಜಿಂಕೆಗೆ ಮುಂದೆ ಮೇಲ್ಹಲ್ಲಿಲ್ಲ, ಹಿಡಿದು ಜಗ್ಗುತ್ತದೆ, ಹಾಗಾಗಿ ತುದಿ ಸಿಗಿದು ನಾರುನಾರಾಗಿರುತ್ತದೆ. ಚಾಕುವಿನಿಂದ ಓರೆಯಾಗಿ ಕೊಯ್ದಂತಿದ್ದರೆ ಮೊಲ.

ಇನ್ನು ಗೇಟು. ಬಲೆಯನ್ನೇ ಮಡಿಸಿ ಕೊಕ್ಕೆಗೆ ಸಿಕ್ಕಿಸುವ ಪರದೆ ಗೇಟು ಅಗ್ಗ, ಕೆಲಸಕ್ಕೆ ಬಾರದು. ಕೈಯಲ್ಲಿ ಬುಟ್ಟಿ ಹಿಡಿದವರು ಅದನ್ನು ಸರಿಯಾಗಿ ಮುಚ್ಚುವುದಿಲ್ಲ, ಕೆಳಗೆ ಸಂದಿ ಉಳಿಯುತ್ತದೆ. ಮರದ ಚೌಕಟ್ಟು, ತಾನಾಗಿ ಮುಚ್ಚುವ ಸ್ಪ್ರಿಂಗ್ ಹಿಂಜು, ಕೆಳಗೆ ಹೊಸ್ತಿಲಿನಂತೆ ಒಂದು ಮರದ ಪಟ್ಟಿ: ಒಂದು ಶನಿವಾರದ ಕೆಲಸ.

ಸ್ಪ್ರೇ

ಬೇಲಿ ಹಾಕಲಾಗದ ಮುಂದಿನ ಅಂಗಳಕ್ಕೆ ಮಾತ್ರ. ಹೋಸ್ಟ (ನೆರಳಲ್ಲಿ ಬೆಳೆಯುವ ಅಗಲ ಎಲೆಯ ಗಿಡ), ಟುಲಿಪ್, ಗುಲಾಬಿ ಇದ್ದರೆ ತಿಂಗಳಿಗೊಮ್ಮೆ, ಜೋರು ಮಳೆಯಾದರೆ ಮತ್ತೆ. ವಸಂತದಲ್ಲಿ ಇದೂ ಸಾಲದು, ಏಕೆಂದರೆ ಹೊಡೆದ ಮೇಲೆ ಬಂದ ಚಿಗುರಿಗೆ ರಕ್ಷಣೆಯಿಲ್ಲ. ಕೊಳೆತ ಮೊಟ್ಟೆಯ ನಾತ ಒಣಗುವವರೆಗೆ, ಆಮೇಲೆ ನಮಗೆ ಗೊತ್ತಾಗುವುದಿಲ್ಲ, ಜಿಂಕೆಗೆ ಗೊತ್ತಾಗುತ್ತದೆ. ಸಾರಿಗೆ ಹಾಕುವ ಕರಿಬೇವಿಗೆ, ಪೂಜೆಯ ಹೂವಿಗೆ ಹೊಡೆಯುವಂಥದ್ದಲ್ಲ. ಕೆಲವು ಸ್ಪ್ರೇಗಳಲ್ಲಿ ಒಣಗಿಸಿದ ಪ್ರಾಣಿರಕ್ತ ಇರುತ್ತದೆ. ಸಸ್ಯಾಹಾರಿ ಮನೆಯವರು ಲೇಬಲ್ಲಿನ ಹಿಂಬದಿ ಓದಿ ಕೊಳ್ಳಿ. ಶಬ್ದ ಮಾಡುವ ಯಂತ್ರಗಳಿಗೆ ಜಿಂಕೆ ಬೇಗ ಒಗ್ಗಿಕೊಳ್ಳುತ್ತದೆ. ಸುಳಿದಾಡಿದರೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಪರವಾಗಿಲ್ಲ, ಆದರೆ ನೀರು ಹೆಪ್ಪುಗಟ್ಟುವ ಕಾಲಕ್ಕೆ ಒಳಗೆತ್ತಿಡಬೇಕು. ಮುಂದಿನ ಅಂಗಳಕ್ಕೆ ಹೊಸ ಗಿಡ ಕೊಳ್ಳುವವರು ಸ್ಪ್ರೇಗೆ ಮುಂಚೆ ರಟ್ಗರ್ಸ್ ವಿಶ್ವವಿದ್ಯಾಲಯದ ಪಟ್ಟಿ ನೋಡಬೇಕು. ಜಿಂಕೆ ಯಾವ ಗಿಡವನ್ನು ಎಷ್ಟು ಹಾಳು ಮಾಡುತ್ತದೆ ಎಂದು ನಾಲ್ಕು ದರ್ಜೆಗಳಲ್ಲಿ ಅಲ್ಲಿದೆ. ಡ್ಯಾಫೊಡಿಲ್, ಲ್ಯಾವೆಂಡರ್ ನೆಟ್ಟವರಿಗೆ ಈ ಖರ್ಚೇ ಇಲ್ಲ.

ಹೊರಗಿಡುವಾಗ

ಮೇ ಮಧ್ಯದ ಮೇಲೆ, ರಾತ್ರಿ 50 ಡಿಗ್ರಿಗಿಂತ ಕೆಳಗಿಳಿಯುತ್ತಿಲ್ಲ ಎಂದು ಖಾತ್ರಿಯಾದಾಗ, ಮೊದಲು ಬೇಲಿಯ ಬುಡ ಒಂದು ಸುತ್ತು ನೋಡಿ. ಚಳಿಗಾಲದಲ್ಲಿ ಬಿದ್ದ ಕೊಂಬೆ ಎಲ್ಲೋ ಒಂದು ಟೈ ಕಿತ್ತಿರುತ್ತದೆ. ಆಮೇಲೆ ಕುಂಡಗಳನ್ನು ಬೇಲಿಯೊಳಗಿನ ನೆರಳಿಗೆ. ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವೇ ಬಿಸಿಲಿಗೆ ಸರಿಸಿ, ಲೈಟಿನ ಕೆಳಗೆ ಬೆಳೆದ ಎಲೆ ನೇರ ಬಿಸಿಲಿಗೆ ಒಂದೇ ದಿನದಲ್ಲಿ ಬೆಳ್ಳಗಾಗುತ್ತದೆ. 'ಇವತ್ತೊಂದು ರಾತ್ರಿ ಡೆಕ್ ಮೇಲಿರಲಿ' ಎಂಬ ಉದಾಸೀನ ಬೇಡ. ಡೆಕ್ಕಿನ ಮೆಟ್ಟಿಲು ಹತ್ತುವುದು ಜಿಂಕೆಗೆ ಗೊತ್ತು.

ಬಾಡಿಗೆ ಟೌನ್‌ಹೌಸಿನಲ್ಲಿ ಇರುವವರು ಬೇಲಿಯ ಯೋಚನೆ ಬಿಡಿ. ಐದಡಿ ಎತ್ತರದ ಬೆಸುಗೆ ತಂತಿಯ ಜಾಲರಿ ಎಂಟಡಿ ಉದ್ದ ಕತ್ತರಿಸಿ ಸುತ್ತಿದರೆ ಎರಡೂವರೆ ಅಡಿ ಅಗಲದ ಪಂಜರವಾಗುತ್ತದೆ, ಒಂದು ದೊಡ್ಡ ಕುಂಡ ಹಿಡಿಸುತ್ತದೆ. ಎರಡು ಗೂಟ ಹೊಡೆದರೆ ಸಾಕು, ಮನೆ ಬದಲಿಸುವಾಗ ಸುತ್ತಿ ಕಾರಿನ ಡಿಕ್ಕಿಗೆ ಹಾಕಿಕೊಂಡು ಹೋಗಬಹುದು.