ಸಿರಪ್, ಮಾತ್ರೆ, ಮೂರು ದಿನದ ಔಷಧಿ, ಬೇವು: ನಾಯಿ-ಬೆಕ್ಕಿನ ಜಂತುಹುಳಕ್ಕೆ ಯಾವುದು?

ಮೆಡಿಕಲ್ ಅಂಗಡಿಗೆ ಹೋಗಿ ‘ನಾಯಿಗೆ ಹುಳದ ಔಷಧಿ ಕೊಡಿ’ ಅಂದರೆ ಏನಾದರೂ ಒಂದು ಕೊಟ್ಟೇ ಕೊಡುತ್ತಾರೆ. ಯಾವ ಹುಳ ಅಂತ ಯಾರೂ ಕೇಳುವುದಿಲ್ಲ. ಆದರೆ ಎಲ್ಲಾ ಹುಳಕ್ಕೂ ಒಂದೇ ಔಷಧಿ ನಾಟುವುದಿಲ್ಲ. ನಮ್ಮದು ಮಲೆನಾಡಿನ ಕಡೆಯ ಮನೆ. ಅಂಗಳ, ಹಿತ್ತಲು ಎಲ್ಲಾ ವರ್ಷದ ಅರ್ಧ ಭಾಗ ಒದ್ದೆ. ಹುಳಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಭೈರ ಮತ್ತು ಲಚ್ಚಿ ಅನ್ನೋ ನಾಯಿಗಳು, ಲಚ್ಚಿಯ ಮರಿಗಳು, ಪುಟ್ಟಿ ಅನ್ನೋ ಬೆಕ್ಕು, ಇವರೆಲ್ಲರಿಗೂ ಬೇರೆ ಬೇರೆ ಔಷಧಿ ಕೊಟ್ಟು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಿರಪ್. ಇದರಲ್ಲಿ ಮುಖ್ಯವಾಗಿ ಇರುವುದು ಪೈರಾಂಟೆಲ್. ಪುಟ್ಟ ಮರಿಗಳಿಗೆ ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ. ದುಂಡುಹುಳದ ಮರಿಗಳು ತಾಯಿನಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ದಾಟುತ್ತವೆ, ಹಾಲಿನಲ್ಲೂ ದಾಟುತ್ತವೆ. ಅಂದರೆ ಮನೆಯೊಳಗೇ ಸಾಕಿದ ಚೊಕ್ಕಟ ಮರಿಗೂ ಹುಳ ಇರುತ್ತದೆ. ಅದಕ್ಕೇ 2 ವಾರಕ್ಕೆ ಶುರು ಮಾಡಿ, 3 ತಿಂಗಳಾಗುವವರೆಗೆ 2 ವಾರಕ್ಕೊಮ್ಮೆ, ಆಮೇಲೆ 6 ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಬೇಕು. ಪೈರಾಂಟೆಲ್ ಹುಳಕ್ಕೆ ಲಕ್ವ ಹೊಡೆಸುತ್ತದೆ. ಕರುಳಿನ ಹಿಡಿತ ತಪ್ಪಿ ಹುಳ ಇಡಿಯಾಗಿ ಹೊರಗೆ ಬರುತ್ತದೆ. ಲಚ್ಚಿಯ ಮರಿಗಳಿಗೆ ಕೊಟ್ಟ ಮಾರನೇ ದಿನ ಅರ್ಧ ಗೇಣಿನಷ್ಟು ಉದ್ದದ ಬಿಳಿ ಹುಳಗಳು ಬಿದ್ದವು, ಕೆಲವು ಇನ್ನೂ ಅಲುಗಾಡುತ್ತಿದ್ದವು. ಉಬ್ಬಿದ ಹೊಟ್ಟೆ ಕೆಲವೇ ದಿನದಲ್ಲಿ ಇಳಿಯಿತು. ಔಷಧಿ ಕರುಳಿನಿಂದ ರಕ್ತಕ್ಕೆ ಸೇರುವುದು ಕಮ್ಮಿ, ಹಾಗಾಗಿ ಎಳೆ ಮರಿಗೂ ಧೈರ್ಯವಾಗಿ ಕೊಡಬಹುದು. ಸೂಜಿ ಇಲ್ಲದ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಬಿಟ್ಟರೆ ನುಂಗಿಬಿಡುತ್ತವೆ. ಒಂದೊಂದು ಕಂಪನಿಯ ಸಿರಪ್ ಒಂದೊಂದು ಗಟ್ಟಿ ಇರುವುದರಿಂದ ಎಷ್ಟು ಮಿ.ಲೀ. ಅನ್ನುವುದನ್ನು ಬಾಟಲಿ ನೋಡಿಯೇ ತೀರ್ಮಾನ ಮಾಡಬೇಕು.

ಕೊಕ್ಕೆಹುಳಕ್ಕೂ ಪೈರಾಂಟೆಲ್ ನಡೆಯುತ್ತದೆ. ಇದು ಸಮಾಧಾನದ ವಿಷಯ, ಯಾಕಂದರೆ ಕೊಕ್ಕೆಹುಳ ರಕ್ತ ಹೀರುತ್ತದೆ. ಮರಿಯ ಒಸಡು ಬಿಳಚಿಕೊಂಡಿದ್ದರೆ, ಕಕ್ಕ ಕಪ್ಪಗೆ ಅಂಟಂಟಾಗಿದ್ದರೆ ಸಿರಪ್ ಹುಡುಕುತ್ತಾ ಕೂರಬೇಡಿ, ಅವತ್ತೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಳೆ ಮರಿಗಳು ಇದರಿಂದ ಸತ್ತೇ ಹೋಗುತ್ತವೆ.

ಸಿರಪ್ ಸೋಲುವುದು ಲಾಡಿಹುಳದ ಮುಂದೆ. ಬಾಲದ ಕೆಳಗೆ, ಮಲಗುವ ಗೋಣಿಚೀಲದ ಮೇಲೆ ಅಕ್ಕಿಕಾಳಿನ ಹಾಗೆ ಏನಾದರೂ ಕಂಡರೆ ಅದು ಲಾಡಿಹುಳದ ತುಂಡು. ಇದಕ್ಕೆ ಬೇಕಾದ್ದು ಪ್ರಾಜಿಕ್ವಾಂಟೆಲ್. ದೊಡ್ಡ ನಾಯಿಗಳಿಗೆ ಸಿಗುವ ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಇರುತ್ತವೆ. ಸಾಮಾನ್ಯವಾಗಿ 10 ಕಿಲೋ ತೂಕಕ್ಕೆ 1 ಮಾತ್ರೆ. ಭೈರನಿಗೆ ಬೇಯಿಸಿದ ಕೋಳಿ ಲಿವರ್ ಒಳಗೆ ಹುದುಗಿಸಿ ಕೊಟ್ಟರೆ ಗೊತ್ತೇ ಆಗುವುದಿಲ್ಲ. ಪುಟ್ಟಿಯ ಕಥೆ ಬೇರೆ. ಪ್ರಾಜಿಕ್ವಾಂಟೆಲ್ ವಿಪರೀತ ಕಹಿ, ಮಾತ್ರೆ ಮುರಿದರೆ ಬೆಕ್ಕು ಬಾಯಿತುಂಬ ನೊರೆ ಸುರಿಸುತ್ತದೆ. ಮುರಿಯದೆ, ಬೆಣ್ಣೆ ಸವರಿ, ನಾಲಿಗೆಯ ಹಿಂಭಾಗಕ್ಕೆ ಹಾಕಬೇಕು. ಬೆಕ್ಕಿಗೆ ಬೆಕ್ಕಿನದೇ ಮಾತ್ರೆ ತನ್ನಿ.

ಮಾತ್ರೆ ಕೊಟ್ಟ ಮೇಲೆ ಹುಳ ಬೀಳಲಿಲ್ಲ ಅಂತ ಬಹಳ ಜನ ಬೇಜಾರಾಗುತ್ತಾರೆ. ಲಾಡಿಹುಳ ಸತ್ತರೆ ಕರುಳಲ್ಲೇ ಜೀರ್ಣವಾಗಿ ಹೋಗುತ್ತದೆ, ಕಾಣಿಸಬೇಕು ಅಂತೇನಿಲ್ಲ. ಇನ್ನೊಂದು ದೂರು: ‘ಮಾತ್ರೆ ಡೂಪ್ಲಿಕೇಟು, ಮೂರು ವಾರಕ್ಕೆ ಅಕ್ಕಿಕಾಳು ವಾಪಸ್ ಬಂತು.’ ಮಾತ್ರೆಯದಲ್ಲ, ಚಿಗಟದ ತಪ್ಪು. ನೆಲಕ್ಕೆ ಬಿದ್ದ ಹುಳದ ಮೊಟ್ಟೆಯನ್ನು ಚಿಗಟದ ಮರಿ ತಿನ್ನುತ್ತದೆ, ಅದು ದೊಡ್ಡದಾಗಿ ನಾಯಿಯ ಮೈ ಸೇರುತ್ತದೆ, ನಾಯಿ ಕಚ್ಚಿ ಕೆರೆದುಕೊಳ್ಳುವಾಗ ಚಿಗಟವನ್ನು ನುಂಗುತ್ತದೆ. ಎರಡು ಮೂರು ವಾರದಲ್ಲಿ ಹೊಸ ಲಾಡಿಹುಳ ತಯಾರು. ಚಿಗಟ ಹೋಗದೆ ಈ ಹುಳ ಹೋಗುವುದಿಲ್ಲ. ನಮ್ಮನೆಯಲ್ಲಿ ಮಾತ್ರೆ ಕೊಟ್ಟ ದಿನವೇ ಹಾಸಿಗೆ ಬಟ್ಟೆ ಬಿಸಿನೀರಿಗೆ ಹಾಕಿ, ಎಲ್ಲಾ ಪ್ರಾಣಿಗಳಿಗೂ ಚಿಗಟದ ಔಷಧಿ ಹಾಕಿದ ಮೇಲೆಯೇ ಅಕ್ಕಿಕಾಳು ನಿಂತಿದ್ದು. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಹನಿ ಮಾತ್ರ ಬೆಕ್ಕಿಗೆ ಹಾಕಲೇಬೇಡಿ, ಅದು ಬೆಕ್ಕಿಗೆ ವಿಷ.

ಮೂರನೆಯದು ಫೆನ್‌ಬೆಂಡಜೋಲ್, ಕಿಲೋಗೆ 50 ಮಿ.ಗ್ರಾಂ. ಲೆಕ್ಕದಲ್ಲಿ 3 ದಿನ ಬಿಡದೆ ಕೊಡಬೇಕು. ಭೈರನಿಗೆ ಆಗಾಗ ಲೋಳೆ, ರಕ್ತದ ಗೆರೆ ಇರುವ ಭೇದಿ ಆಗುತ್ತಿತ್ತು. ಮಲ ಪರೀಕ್ಷೆಯಲ್ಲಿ ಚಾಟಿಹುಳದ ಮೊಟ್ಟೆ ಕಂಡಿತು. ಅದಕ್ಕೆ ಇದು ಚೆನ್ನಾಗಿ ಕೆಲಸ ಮಾಡಿತು. ಆದರೆ ಚಾಟಿಹುಳದ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹಾಗಾಗಿ 3 ವಾರ ಬಿಟ್ಟು ಒಮ್ಮೆ, 3 ತಿಂಗಳಿಗೆ ಒಮ್ಮೆ ಮತ್ತೆ ಕೊಡಲು ಡಾಕ್ಟರು ಹೇಳಿದರು. ಮೂರೂ ದಿನ ನೆನಪಿಟ್ಟು ಕೊಡುವುದು ಕೆಲಸದ ಮನೆಯಲ್ಲಿ ಕಷ್ಟವೇ. ಚಿಗಟದಿಂದ ಬರುವ ಲಾಡಿಹುಳಕ್ಕೆ ಇದನ್ನು ನಂಬುವ ಹಾಗೂ ಇಲ್ಲ.

ಬೇವಿನ ವಿಷಯ. ನಮ್ಮ ಅತ್ತೆಯವರ ಕೈಮದ್ದು ಅದು, ಎಲೆ ಅರೆದು ಬೆಲ್ಲದ ಜೊತೆ ಉಂಡೆ. ಲಚ್ಚಿಗೆ ಕೊಟ್ಟು, ಮೊದಲು ಮತ್ತು ಆಮೇಲೆ ಮಲ ಪರೀಕ್ಷೆ ಮಾಡಿಸಿದೆವು. ದುಂಡುಹುಳದ ಮೊಟ್ಟೆ ಎರಡರಲ್ಲೂ ಇತ್ತು. ಅತ್ತೆಯವರೇ ಆಮೇಲೆ ‘ಮಾತ್ರೆ ತಂದುಬಿಡು’ ಅಂದರು. ಬೆಳ್ಳುಳ್ಳಿಯನ್ನಂತೂ ಯಾರು ಹೇಳಿದರೂ ಕೊಡಬೇಡಿ, ಅದು ನಾಯಿ-ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಹಾಳುಮಾಡುತ್ತದೆ. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲನ್ನು ಸುಮ್ನೆ ಅರ್ಧ ಮುರಿದು ಹಾಕುವವರೂ ಇದ್ದಾರೆ. ನಾಯಿ-ಬೆಕ್ಕುಗಳಲ್ಲಿ ಅದು ಮೂಳೆಮಜ್ಜೆಗೆ ಪೆಟ್ಟು ಕೊಡಬಹುದು. ಬೇಡ.

ಒಂದನ್ನೇ ಆರಿಸಿ ಅಂದರೆ, ಮರಿಗೆ ಸಿರಪ್, ದೊಡ್ಡದಕ್ಕೆ 3 ತಿಂಗಳಿಗೊಮ್ಮೆ ಮೂರೂ ಇರುವ ಮಾತ್ರೆ. ಫೆನ್‌ಬೆಂಡಜೋಲನ್ನು ಡಾಕ್ಟರು ಹೇಳಿದಾಗ ಮಾತ್ರ. ತೂಕ ಅಂದಾಜಿನಲ್ಲಿ ಬೇಡ: ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನಿಮ್ಮ ತೂಕ ಕಳೆಯಿರಿ. ಮಕ್ಕಳಿರುವ ಮನೆಯಲ್ಲಿ ಅಂಗಳದ ಕಕ್ಕ ದಿನಾ ಎತ್ತಿಬಿಡಿ. ದುಂಡುಹುಳದ ಮೊಟ್ಟೆ ಬಿದ್ದ ಕೂಡಲೇ ಅಂಟುವುದಿಲ್ಲ, ಮಣ್ಣಲ್ಲಿ ಸುಮಾರು ಎರಡು ವಾರವಾದರೂ ಕಳೆಯಬೇಕು. ಅಷ್ಟರೊಳಗೆ ಎತ್ತಿದರೆ ಮಣ್ಣಾಟ ಆಡುವ ಮಕ್ಕಳ ಬಾಯಿಗೆ ಅದು ಹೋಗುವುದಿಲ್ಲ.