‘ರೀಫ್ ಸೇಫ್’ ಅಂದರೆ ಮೀನು ಮೀನಿಗೆ ಸೇಫ್ ಅಂತಲ್ಲ: ರಾಸ್ ತರುವ ಮುಂಚೆ ಇದನ್ನು ಓದಿ

ರಾಸ್ ಅಂದರೆ ಸಮುದ್ರದ ಬಣ್ಣಬಣ್ಣದ ಮೀನುಗಳ ಒಂದು ಕುಟುಂಬ. ನಿಮ್ಮ ಉಪ್ಪುನೀರಿನ ಟ್ಯಾಂಕ್‌ನಲ್ಲಿ ಈಗಾಗಲೇ ಸಿಕ್ಸ್‌ಲೈನ್ ರಾಸ್ ಇದ್ದರೆ, ದಯವಿಟ್ಟು ಅದರ ಜೊತೆ ಫ್ಲಾಷರ್ ರಾಸ್ ಆಗಲಿ ಫೇರಿ ರಾಸ್ ಆಗಲಿ ತಂದು ಬಿಡಬೇಡಿ. ನಾನು ಬಿಟ್ಟೆ. ಒಂಬತ್ತು ದಿನದಲ್ಲಿ ಎರಡು ಮೀನು ಸತ್ತವು, ಮೂರನೆಯದು ಹೇಗೋ ಬದುಕಿತು. ದುಡ್ಡು ಹೋಗಿದ್ದು ಇರಲಿ. ಸತ್ತ ಎರಡಕ್ಕೂ ಯಾವ ರೋಗವೂ ಇರಲಿಲ್ಲ. ಗಟ್ಟಿಮುಟ್ಟಾಗಿ ಬಂದಿದ್ದವು. ನನ್ನ ಟ್ಯಾಂಕ್‌ಗೆ ಬಂದವು ಅನ್ನೋ ಒಂದೇ ಕಾರಣಕ್ಕೆ ಸತ್ತವು. ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತದೆ.

ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ. ಪಡಸಾಲೆಯಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್ ಇದೆ, ಸುಮಾರು 450 ಲೀಟರ್. ಆರ್‌ಓ ನೀರಿಗೆ ಉಪ್ಪು ಬೆರೆಸಿ ಅದರ ಸಾಂದ್ರತೆ 1.025ಕ್ಕೆ ಇಡುತ್ತೇನೆ. ಬೇಸಿಗೆಯಲ್ಲಿ ಚಿಲ್ಲರ್ ಹಾಕಿ 26 ಡಿಗ್ರಿ ಕಾಯುತ್ತೇನೆ. ಕಲ್ಲುಹವಳ ಇಟ್ಟಿಲ್ಲ. ಅವು 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ, ಯಾರಾದರೂ ಕೊಡುತ್ತೇನೆ ಅಂದರೂ ತೆಗೆದುಕೊಳ್ಳಬೇಡಿ. ಮಶ್ರೂಮ್, ಜೋವಾ ಅಂತ ಹವಳದಂಥ ಮೆತ್ತನೆಯ ಜೀವಿಗಳು ಮಾತ್ರ ಇವೆ.

ಎರಡು ವರ್ಷದ ಹಿಂದೆ ಕಲ್ಲುಗಳಿಗೆ ಚಪ್ಪಟೆ ಹುಳು ಹತ್ತಿತು. ತುಕ್ಕಿನ ಬಣ್ಣ, ಎಳ್ಳುಕಾಳಿನಷ್ಟು ಗಾತ್ರ. ಮಶ್ರೂಮ್ ಮೇಲೆಲ್ಲ ಹರಡಿ ಅವು ಅರಳುವುದೇ ನಿಂತುಹೋಗಿತ್ತು. ಸಿಕ್ಸ್‌ಲೈನ್ ಹಾಕಿ, ಅದು ಹುಳು ತಿನ್ನುತ್ತದೆ ಅಂತ ಯಾರೋ ಹೇಳಿದರು. ನಾನು ಒಂದನ್ನು ತಂದು ಬಿಟ್ಟೆ. ಬೆರಳುದ್ದದ ಮೀನು. ನೇರಳೆ ಮೈಮೇಲೆ ಆರು ಕಿತ್ತಳೆ ಗೆರೆ, ಹಸಿರು ಬಾಲ. ದಿನವಿಡೀ ಕಲ್ಲಿನ ಸಂದುಗೊಂದುಗಳಲ್ಲಿ ನುಸುಳಿ ಒಂದೊಂದೇ ಹುಳ ಹೆಕ್ಕಿ ತಿನ್ನುತ್ತಿತ್ತು. ಎರಡು ತಿಂಗಳಲ್ಲಿ ಹುಳು ಬಹಳ ಕಮ್ಮಿ ಆಯಿತು. ಟ್ಯಾಂಕ್‌ನಲ್ಲಿದ್ದ ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನಿನ ಕಡೆಗೆ ಅದು ತಿರುಗಿಯೂ ನೋಡಲಿಲ್ಲ. ಹಾಗಾಗಿ ಇದು ಸಾಧು ಮೀನು ಅಂತಲೇ ನಂಬಿದ್ದೆ.

ಎಂಟು ತಿಂಗಳು ಕಳೆದ ಮೇಲೆ ಇನ್ನೂ ಮೂರು ರಾಸ್ ತರುವ ಆಸೆ ಆಯಿತು. ಒಂದು ಕಾರ್ಪೆಂಟರ್ಸ್ ಫ್ಲಾಷರ್ ಗಂಡು, ಒಂದು ಫೇರಿ, ಒಂದು ಯೆಲ್ಲೋ ಕೋರಿಸ್. ಮಾರುವವರಿಗೆ ಫೋನ್ ಮಾಡಿ ಕೇಳಿದೆ, ನನ್ನ ಹತ್ತಿರ ಸಿಕ್ಸ್‌ಲೈನ್ ಇದೆ, ನಡೆಯುತ್ತದಾ ಅಂತ. “ಸರ, ಎಲ್ಲಾ ರೀಫ್ ಸೇಫ್ ಅದಾವ್ರಿ. ರಾಸ್ ರಾಸ್ ಕೂಡ ಚಲೋ ಇರ್ತಾವ. ನೀವೇನ್ ಚಿಂತಿ ಮಾಡಬ್ಯಾಡ್ರಿ” ಅಂದರು. ನಾನು ಅಲ್ಲಿಗೇ ಕೇಳುವುದು ನಿಲ್ಲಿಸಿದೆ.

ರೀಫ್ ಸೇಫ್ ಅನ್ನೋ ಮಾತಿಗೆ ಇರುವ ಅರ್ಥ ಇಷ್ಟೇ: ಈ ಮೀನು ಹವಳ ಕಚ್ಚುವುದಿಲ್ಲ. ಪಕ್ಕದ ಮೀನನ್ನು ಕಚ್ಚುತ್ತದೋ ಇಲ್ಲವೋ ಅನ್ನೋದನ್ನು ಆ ಮಾತು ಹೇಳುವುದೇ ಇಲ್ಲ. ಇದು ನನಗೆ ಆಗ ಹೊಳೆಯಲಿಲ್ಲ.

ಮೀನುಗಳು ಬೆಂಗಳೂರಿಂದ ರಾತ್ರಿ ಬಸ್ಸಿಗೆ ಬಂದವು. ಬೆಳಗಿನ ಆರಕ್ಕೆ ಜ್ಯುಬಿಲಿ ಸರ್ಕಲ್ ಹತ್ತಿರ ಥರ್ಮಕೋಲ್ ಡಬ್ಬ ಇಳಿಸಿಕೊಂಡೆ. ಮೂರೂ ಚುರುಕಾಗಿದ್ದವು. ಒಂದು ತಾಸು ಹನಿಹನಿಯಾಗಿ ಟ್ಯಾಂಕ್ ನೀರು ಬಿಟ್ಟು ಒಗ್ಗಿಸಿ, ನೇರವಾಗಿ ಒಳಗೆ ಬಿಟ್ಟೆ.

ಫ್ಲಾಷರ್ ಮೊದಲು ಹೊರಗೆ ಬಂತು. ಕೆಂಪು ಕಿತ್ತಳೆ ಮೈ, ಬೆನ್ನಿನ ರೆಕ್ಕೆಯಿಂದ ಎದ್ದ ಉದ್ದ ಎಳೆಗಳು. ಅರ್ಧ ನಿಮಿಷವೂ ಆಗಿರಲಿಲ್ಲ, ಸಿಕ್ಸ್‌ಲೈನ್ ಕಲ್ಲಿನ ಹಿಂದಿನಿಂದ ಬಂದು ಅದರ ಎದುರು ನಿಂತಿತು. ತಕ್ಷಣ ಕಚ್ಚಲಿಲ್ಲ. ಮೈ ಸ್ವಲ್ಪ ಬಾಗಿಸಿ, ರೆಕ್ಕೆಯೆಲ್ಲ ನಿಗುರಿಸಿ, ಸುತ್ತಲೂ ಒಂದು ಸುತ್ತು ಹಾಕಿತು. ಆಮೇಲೆ ನುಗ್ಗಿತು. ಅಷ್ಟು ವೇಗ ನಾನು ಆ ಮೀನಿನಲ್ಲಿ ಯಾವತ್ತೂ ನೋಡಿರಲಿಲ್ಲ. ಫ್ಲಾಷರ್ ಟ್ಯಾಂಕ್‌ನ ಮೇಲ್ಮೂಲೆಗೆ ಓಡಿತು. ಸಿಕ್ಸ್‌ಲೈನ್ ವಾಪಸ್ ಬಂದು ಫೇರಿ ಕಡೆ ತಿರುಗಿತು. ಹೊಸದು, ಹೊಂದಿಕೊಳ್ಳುತ್ತವೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಕೆಲಸಕ್ಕೆ ಹೋದೆ. ಆ ದಿನ ಹೋಗಬಾರದಿತ್ತು.

ಸಂಜೆ ಬಂದು ನೋಡಿದರೆ ಫ್ಲಾಷರ್‌ನ ಬಾಲ ಹರಿದ ಗಾಳಿಪಟದ ಹಾಗಾಗಿತ್ತು. ಬೆನ್ನಿನ ಎಳೆಗಳಲ್ಲಿ ಒಂದೇ ಉಳಿದಿತ್ತು. ಎರಡನೇ ದಿನ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ, ಮೀನಿನ ಆಹಾರ) ಹಾಕಿದರೂ ಮೂಲೆ ಬಿಟ್ಟು ಬರಲಿಲ್ಲ. ಒಂದು ಸಲ ಆಹಾರದ ಆಸೆಗೆ ಗೇಣುದ್ದ ಕೆಳಗೆ ಇಳಿಯಿತು, ಸಿಕ್ಸ್‌ಲೈನ್ ಟ್ಯಾಂಕ್‌ನ ಆ ತುದಿಯಿಂದ ಈ ತುದಿಗೆ ಬಂದು ಅಟ್ಟಿತು.

ಮೂರನೇ ದಿನ ಬೆಳಗ್ಗೆ ಅವ್ವ ಕಸ ಗುಡಿಸುತ್ತಿದ್ದಳು. “ತಮ್ಮಾ, ಲಗೂನ ಬಾ. ನಿನ್ನ ಮೀನ ಕೆಳಗ ಬಿದ್ದೈತಿ” ಅಂತ ಕೂಗಿದಳು. ಸ್ಟ್ಯಾಂಡ್ ಹಿಂದೆ, ಗೋಡೆ ಪಕ್ಕ ಬಿದ್ದಿತ್ತು. ಒಣಗಿ ಹೋಗಿತ್ತು, ಬಣ್ಣ ಒಂದಿಷ್ಟೂ ಉಳಿದಿರಲಿಲ್ಲ. ಟ್ಯಾಂಕ್ ಮೇಲೆ ಗಾಜಿನ ಮುಚ್ಚಳ ಇತ್ತು. ಪೈಪ್ ಇಳಿಯುವ ಮೂಲೆಯಲ್ಲಿ ಎರಡು ಬೆರಳಿನಷ್ಟು ಸಂದಿ ಬಿಟ್ಟಿದ್ದೆ. ರಾಸ್‌ಗಳು ಹೆದರಿದರೆ ಮೇಲಕ್ಕೆ ಹಾರುತ್ತವೆ, ಅಷ್ಟು ಸಂದಿ ಅವಕ್ಕೆ ಧಾರಾಳ ಸಾಕು. ಅವ್ವ ಅದನ್ನು ಕಾಗದದ ಮೇಲೆ ಎತ್ತಿಕೊಂಡು ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡಕ್ಕೆ ಹಾಕಿದಳು. ಅವತ್ತು ನಾವಿಬ್ಬರೂ ಜಾಸ್ತಿ ಮಾತಾಡಲಿಲ್ಲ.

ಫೇರಿ ಹಾರಲಿಲ್ಲ. ಕಲ್ಲಿನ ಹಿಂದೆ ಸೇರಿಕೊಂಡಿತು, ಆಮೇಲೆ ಹೊರಗೇ ಬರಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಹೊಟ್ಟೆ ಒಳಗೆ ಹೋಗಿರುವುದು ಕಾಣುತ್ತಿತ್ತು. ಟ್ಯಾಂಕ್ ಹೊರಗಿನಿಂದ ಗಾಜಿಗೆ ಕನ್ನಡಿ ಒರಗಿಸಿ ಇಟ್ಟೆ, ಸಿಕ್ಸ್‌ಲೈನ್ ತನ್ನ ಪ್ರತಿಬಿಂಬದ ಜೊತೆ ಜಗಳ ಆಡುತ್ತಾ ಇರಲಿ ಅಂತ. ಮೊದಲ ದಿನ ನಡೆಯಿತು, ಎರಡನೇ ದಿನ ಅದು ಕನ್ನಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂಬತ್ತನೇ ದಿನ ಫೇರಿ ತಳದಲ್ಲಿ ಸತ್ತು ಬಿದ್ದಿತ್ತು.

ಯೆಲ್ಲೋ ಕೋರಿಸ್ ಬದುಕಿದ್ದು ಮರಳಿನಿಂದ. ಅದು ಸೇರಿರುವ ಹಾಲಿಕೋರಿಸ್ ಜಾತಿಯ ರಾಸ್‌ಗಳು ರಾತ್ರಿ ಮರಳಿನಲ್ಲಿ ಹೂತುಕೊಂಡು ಮಲಗುತ್ತವೆ, ಹೆದರಿದರೂ ಅಲ್ಲಿಗೇ ಧುಮುಕುತ್ತವೆ. ಆದರೆ ಅಲ್ಲಿಯೂ ನನ್ನದೊಂದು ತಪ್ಪಿತ್ತು. ನನ್ನ ಟ್ಯಾಂಕ್‌ನಲ್ಲಿ ಇದ್ದದ್ದು ಒಂದಿಂಚು ದಪ್ಪದ ಒರಟು ಮರಳು. ಅದರೊಳಗೆ ನುಗ್ಗಿ ನುಗ್ಗಿ ಮೂತಿ ಗಾಯವಾಗಿ ಕೆಂಪಗಾಯಿತು. ನಾಲ್ಕಿಂಚು ಆಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಣ್ಣ ಮರಳು ತುಂಬಿ ಮೂಲೆಯಲ್ಲಿಟ್ಟೆ. ಅವತ್ತು ಸಂಜೆಯೇ ಅದನ್ನು ಹುಡುಕಿಕೊಂಡು ಹೋಗಿ ಮಲಗಿತು. ಈ ಜಾತಿ ತರುವವರು ಮೊದಲು ಎರಡಿಂಚಿಗೂ ಜಾಸ್ತಿ ಸಣ್ಣ ಮರಳು ಹಾಕಿ, ಆಮೇಲೆ ಮೀನಿನ ಮಾತು. ಇನ್ನೊಂದು ವಿಷಯ. ಹೊಸದಾಗಿ ಬಂದದ್ದು ನಡು ಮಧ್ಯಾಹ್ನ ನಾಲ್ಕಕ್ಕೇ ಮರಳಿಗೆ ಇಳಿದರೆ ಗಾಬರಿ ಆಗಬೇಡಿ, ಅಗೆದು ಹುಡುಕಬೇಡಿ. ಬಾಲಿ ಕಡೆಯಿಂದ ಬಂದ ಮೀನಿಗೆ ನಮ್ಮ ನಾಲ್ಕು ಗಂಟೆ ಅಂದರೆ ಅಲ್ಲಿನ ಸಂಜೆ ಆರೂವರೆ. ಕೆಲವು ದಿನಕ್ಕೆ ನಮ್ಮ ಹೊತ್ತಿಗೆ ಒಗ್ಗುತ್ತದೆ.

ಸಿಕ್ಸ್‌ಲೈನ್ ಹಿಡಿಯೋದು ಎಷ್ಟು ಕಷ್ಟ ಅಂತ ಹೇಳಲೇಬೇಕು. ಬಲೆ ನೀರಿಗೆ ತಾಗಿದರೆ ಸಾಕು, ಕಲ್ಲಿನೊಳಗೆ ಮಾಯ. ಸೋಡಾ ಬಾಟಲಿಯ ಕುತ್ತಿಗೆ ಕತ್ತರಿಸಿ, ತಿರುಗಿಸಿ ಒಳಗೆ ತೂರಿಸಿ, ಮೈಸಿಸ್ ಇಟ್ಟೆ. ಕ್ಲೌನ್ ಎರಡು ಸಲ ಸಿಕ್ಕಿಬಿತ್ತು, ಸಿಕ್ಸ್‌ಲೈನ್ ಹೊರಗಿನಿಂದಲೇ ಮೂಸಿ ನೋಡಿ ಹೋಯಿತು. ಕೊನೆಗೆ ಹನ್ನೊಂದನೇ ದಿನ ಎರಡೊತ್ತು ಊಟ ತಪ್ಪಿಸಿದ ಮೇಲೆ ಒಳಗೆ ಬಂತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಎಂಟು ತಿಂಗಳು ಆ ಕಲ್ಲುಗಳೆಲ್ಲ ಅದರ ಮನೆಯಾಗಿದ್ದವು. ತನ್ನ ಹಾಗೇ ಉದ್ದ ಮೈ, ತನ್ನ ಹಾಗೇ ಎದೆರೆಕ್ಕೆ ಬಡಿದು ಈಜುವ ಮೂರು ಮೀನು ಒಂದೇ ದಿನ ಬಂದರೆ ಅದು ಏನು ಮಾಡಬೇಕು? ಈಗ ಬೇರೆ ಎರಡಡಿ ಟ್ಯಾಂಕ್‌ನಲ್ಲಿ ಒಂದೇ ಆರಾಮಾಗಿದೆ.

ರಾಸ್ ಅನ್ನೋದು ಒಂದು ಮೀನಲ್ಲ, ಐನೂರಕ್ಕೂ ಹೆಚ್ಚು ಜಾತಿಗಳ ದೊಡ್ಡ ಕುಟುಂಬ. ಫ್ಲಾಷರ್, ಫೇರಿ ಎರಡೂ ನೀರಿನ ನಡುವೆ ತೇಲುವ ಸಣ್ಣ ಜೀವಿಗಳನ್ನು ತಿನ್ನುವ ಸೌಮ್ಯ ಮೀನುಗಳು, ಒಂದಕ್ಕೊಂದು ಹೊಂದುತ್ತವೆ. ಯೆಲ್ಲೋ ಕೋರಿಸ್ ಸಾಮಾನ್ಯವಾಗಿ ಇವುಗಳ ಜೊತೆ ನಡೆಯುತ್ತದೆ. ಅದೂ ಚಪ್ಪಟೆ ಹುಳು ತಿನ್ನುತ್ತದೆ, ನಾನು ಮೊದಲೇ ಅದನ್ನೇ ತಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಲೆಪರ್ಡ್ ರಾಸ್ ಜಗಳಗಂಟಿ ಅಲ್ಲ, ಆದರೆ ಬಹಳ ನಾಜೂಕು. ಕಲ್ಲಿನಲ್ಲಿ ಸಣ್ಣ ಜೀವಿಗಳು ತುಂಬಿರುವ ಹಳೇ ಟ್ಯಾಂಕ್ ಇಲ್ಲದಿದ್ದರೆ ಬೇಡ. ಕ್ಲೀನರ್ ರಾಸ್ ಅಂತೂ ಮನೆಗೆ ತರಲೇಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಸಮುದ್ರದಲ್ಲಿ ಒಂದು ಕ್ಲೀನರ್ ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮೀನುಗಳ ಮೈ ನೋಡಿ ಪರಾವಲಂಬಿಗಳನ್ನು ತಿನ್ನುತ್ತದೆ. ನಮ್ಮ ಟ್ಯಾಂಕ್‌ನ ಐದಾರು ಮೀನು ಅದಕ್ಕೆ ಎಲ್ಲಿ ಸಾಲಬೇಕು? ಬಹಳಷ್ಟು ಹಸಿದೇ ಸಾಯುತ್ತವೆ.

ಅಂಗಡಿಯಲ್ಲಿ ಕಿತ್ತಳೆ ಮೈಮೇಲೆ ಬಿಳಿ ಮಚ್ಚೆ ಇರುವ ಮುದ್ದಾದ ಮರಿ ಕಂಡರೆ, ಮಕ್ಕಳು ಕ್ಲೌನ್ ಅಂದುಕೊಂಡು ಅದೇ ಬೇಕು ಅಂತ ಹಟ ಮಾಡಿದರೆ, ಹುಷಾರು. ಅದು ರೆಡ್ ಕೋರಿಸ್ ಮರಿ. ಬೆಳೆದರೆ ಒಂದಡಿ ದಾಟುತ್ತದೆ, ಕಲ್ಲು ಮಗುಚುತ್ತದೆ, ಸಿಗಡಿ ಬಸವನಹುಳ ಯಾವುದನ್ನೂ ಬಿಡುವುದಿಲ್ಲ. ಗದಗಿನ ಗೆಳೆಯರೊಬ್ಬರು ಲೂನಾರ್ ರಾಸ್ ತಂದಿದ್ದರು. ಒಂದು ವಾರದಲ್ಲಿ ಅವರ ಕ್ಲೀನರ್ ಸಿಗಡಿ ಎರಡೂ ಕಾಣೆಯಾದವು.

ಒಂದೇ ಜಾತಿಯ ಎರಡು ಗಂಡು ಒಟ್ಟಿಗೆ ಬೇಡ. ರಾಸ್‌ಗಳಲ್ಲಿ ಬಹಳಷ್ಟು ಮೊದಲು ಹೆಣ್ಣಾಗಿದ್ದು ಆಮೇಲೆ ಗಂಡಾಗುತ್ತವೆ. 1972ರಲ್ಲಿ ರಾಬರ್ಟ್‌ಸನ್ ಎಂಬ ವಿಜ್ಞಾನಿ ಆಸ್ಟ್ರೇಲಿಯಾದ ಹೆರನ್ ದ್ವೀಪದ ಕ್ಲೀನರ್ ರಾಸ್‌ಗಳಲ್ಲಿ ಇದನ್ನು ತೋರಿಸಿದರು: ಗುಂಪಿನ ಗಂಡು ಹೋದರೆ, ಹೆಣ್ಣುಗಳಲ್ಲಿ ದೊಡ್ಡದು ಅದರ ಜಾಗಕ್ಕೆ ಬರುತ್ತದೆ, ಕೆಲವೇ ವಾರಗಳಲ್ಲಿ ಪೂರ್ತಿ ಗಂಡಾಗುತ್ತದೆ. ಹಾಗಾಗಿ ಒಂದು ಗಂಡು ಎರಡು ಹೆಣ್ಣು ತರುವುದಾದರೆ ಮೂರನ್ನೂ ಒಂದೇ ದಿನ ಬಿಡಿ, ಗಂಡು ಸ್ವಲ್ಪ ದೊಡ್ಡದಿರಲಿ.

ಆ ಘಟನೆ ಆಗಿ ನಾಲ್ಕು ತಿಂಗಳ ಮೇಲೆ ನಾನು ಹಾಗೇ ಮಾಡಿದೆ. ಮೊದಲು ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಟ್ಯಾಂಕ್ ಅಳತೆಗೆ ಫ್ರೇಮ್ ಮಾಡಿಸಿ, ಆರು ಮಿಲಿಮೀಟರ್ ಕಣ್ಣಿನ ನೈಲಾನ್ ಬಲೆ ಬಿಗಿದೆ. ಪೈಪ್ ಮೂಲೆಯಲ್ಲೂ ಸಂದಿ ಬಿಡಲಿಲ್ಲ. ಫ್ಲಾಷರ್ ಮೂರನ್ನು ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಹಾಕಿ ಟ್ಯಾಂಕ್ ಒಳಗೇ ಐದು ದಿನ ತೂಗುಬಿಟ್ಟೆ. ಒಳಗಿನ ಮೀನುಗಳು ಹೊಸದನ್ನು ನೋಡಲಿ, ಮುಟ್ಟಲು ಆಗದಿರಲಿ ಅಂತ. ಯೆಲ್ಲೋ ಕೋರಿಸ್ ಎರಡು ದಿನ ಪೆಟ್ಟಿಗೆ ಸುತ್ತ ಸುತ್ತಿತು, ಮೂರನೇ ದಿನ ತನ್ನ ಪಾಡಿಗೆ ತಾನಿತ್ತು. ಆಮೇಲೆ ಬಿಟ್ಟೆ. ಈಗ ಸಂಜೆ ದೀಪ ಮಂದವಾಗುವ ಹೊತ್ತಿಗೆ ಗಂಡು ಎಳೆಗಳನ್ನೆಲ್ಲ ಎತ್ತಿ ಹೆಣ್ಣುಗಳ ಮುಂದೆ ಸುಳಿಯುತ್ತದೆ, ಮೈಮೇಲೆ ನೀಲಿ ಬಣ್ಣ ಮಿಂಚಿ ಮರೆಯಾಗುತ್ತದೆ. ಅವ್ವ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾಳೆ.

ಹುಬ್ಬಳ್ಳಿ ಧಾರವಾಡದಲ್ಲಿ ಯಾರಿಗಾದರೂ ಈಗ ಇದೇ ಪರಿಸ್ಥಿತಿ ಬಂದಿದ್ದರೆ, ಹೊಡೆತ ತಿನ್ನುತ್ತಿರುವ ಮೀನು ಟ್ಯಾಂಕ್‌ನಲ್ಲಿದ್ದರೆ, ಹೊಂದಿಕೊಳ್ಳಲಿ ಅಂತ ನಾಳೆವರೆಗೂ ಕಾಯಬೇಡಿ, ಇವತ್ತೇ ಬೇರೆ ಮಾಡಿ. ಆ ಪೆಟ್ಟಿಗೆ, ಬಾಟಲಿ ಬಲೆ ಎರಡೂ ನಮ್ಮ ಮನೆಯಲ್ಲಿವೆ. ಒಂದು ಮೆಸೇಜ್ ಹಾಕಿ, ಬಂದು ಒಯ್ಯಿರಿ, ಕೆಲಸ ಆದ ಮೇಲೆ ಸಿಹಿನೀರಲ್ಲಿ ತೊಳೆದು ಒಣಗಿಸಿ ವಾಪಸ್ ಕೊಡಿ.