ಟೊಮೆಟೊ ದರದ ಸರ್ವರ್‌ಗೆ ಯಾವ ಪ್ರಾಕ್ಸಿ? ಎಚ್‌ಎಪ್ರಾಕ್ಸಿ, ಎಂಜಿನ್‌ಎಕ್ಸ್, ಎನ್ವಾಯ್ ಬಳಸಿ ನೋಡಿದ ಮೇಲೆ

ಪ್ರಾಕ್ಸಿ ಎಂದರೆ ಸರ್ವರ್‌ನ ಮುಂದೆ ನಿಂತು, ಬರುವ ರಿಕ್ವೆಸ್ಟ್‌ಗಳನ್ನು (ಕೋರಿಕೆಗಳನ್ನು) ನೋಡಿ ಒಳಗೆ ಬಿಡುವ ತಂತ್ರಾಂಶ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಎಚ್‌ಎಪ್ರಾಕ್ಸಿಗೆ. ವೇಗದ ಕಾರಣಕ್ಕಲ್ಲ, ನಮ್ಮಂಥ ಸಣ್ಣ ಕೆಲಸಕ್ಕೆ ಮೂರೂ ಬೇಕಾದಷ್ಟು ವೇಗವಾಗಿವೆ. ರಿಕ್ವೆಸ್ಟ್ ಯಾರದು, ಯಾವ ಕನೆಕ್ಷನ್‌ನಲ್ಲಿ ಬಂತು, ಏನು ಕೇಳುತ್ತಿದೆ ಎಂಬ ವಿವರಗಳನ್ನು ಹಿಡಿದು ನಿಯಮ ಬರೆಯುವಾಗ, ‘ಈ ಹಂತದಲ್ಲಿ ಆ ವಿವರ ಸಿಗುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿದ್ದು ನನ್ನ ಬಳಕೆಯಲ್ಲಿ ಅದೊಂದೇ.

ಕೋಲಾರದ ಎಪಿಎಂಸಿ ಟೊಮೆಟೊ ದರವನ್ನು ರೈತರ ಮೊಬೈಲ್‌ಗೆ ತಲುಪಿಸುವ ಸಣ್ಣ ಸೇವೆಯೊಂದನ್ನು ನಾವಿಬ್ಬರು ನಡೆಸುತ್ತೇವೆ. ಹರಾಜಿನ ಹೊತ್ತಿಗೆ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯವರೆಲ್ಲ ಒಟ್ಟಿಗೆ ದರ ನೋಡುತ್ತಾರೆ. 2023ರ ಜುಲೈಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ಕಂಡವರಿಗೆ ಈ ಊರಿನಲ್ಲಿ ದರ ಎಷ್ಟು ಬೇಗ ಏರಿಳಿಯುತ್ತದೆ ಎಂದು ವಿವರಿಸಬೇಕಿಲ್ಲ. ಸರ್ವರ್ ರಕ್ಷಣೆಗೆಂದು ಒಂದು ಸಂಸ್ಥೆಗೆ ವರ್ಷದ ಹಣ ಕಟ್ಟಿ ಸಿದ್ಧ ಗೇಟ್‌ವೇ ತೆಗೆದುಕೊಂಡಿದ್ದೆವು. ಅದು ಐಪಿ ವಿಳಾಸವೊಂದನ್ನೇ ನೋಡಿ ರಿಕ್ವೆಸ್ಟ್‌ಗಳನ್ನು ಎಣಿಸುತ್ತಿತ್ತು. ಮೊಬೈಲ್ ಕಂಪನಿಗಳು ಒಂದೇ ಐಪಿವಿ4 ವಿಳಾಸವನ್ನು ನೂರಾರು ಫೋನ್‌ಗಳಿಗೆ ಹಂಚುತ್ತವೆ. ಹಾಗಾಗಿ ಯಾರೂ ತಪ್ಪು ಮಾಡದಿದ್ದರೂ ಹರಾಜಿನ ಸಮಯಕ್ಕೇ ಸರಿಯಾಗಿ ಎಲ್ಲರಿಗೂ 429 (ಮಿತಿಗಿಂತ ಹೆಚ್ಚು ರಿಕ್ವೆಸ್ಟ್ ಬಂದಿವೆ) ಎಂಬ ಉತ್ತರ ಹೋಗುತ್ತಿತ್ತು. ‘ಸಾರ್, ಬಾಕ್ಸ್ ಮಾರಿದ ಮೇಲೆ ದರ ಬಂದರೆ ನಮಗೇನು ಪ್ರಯೋಜನ?’ ಎಂದು ಫೋನ್ ಮಾಡಿದ ರೈತರಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಆ ಸಂಸ್ಥೆಯ ಸಹಾಯವಾಣಿ ದೊಡ್ಡ ಪ್ಯಾಕೇಜ್ ಕೊಳ್ಳಿ ಎಂದಿತು. ನಾವು ಗೇಟ್‌ವೇಯನ್ನೇ ಬಿಟ್ಟು, ಸ್ವಂತ ಪ್ರಾಕ್ಸಿ ನಿಲ್ಲಿಸಲು ಹೊರಟೆವು.

ಹೋಲಿಕೆಗೆ ಇಳಿಯುವ ಮುನ್ನ ಒಂದು ವ್ಯತ್ಯಾಸ ಸ್ಪಷ್ಟವಾಗಲಿ. ಕನೆಕ್ಷನ್ ಎಂದರೆ ಮಂಡಿಗೆ ಬಂದ ಟೆಂಪೊ. ರಿಕ್ವೆಸ್ಟ್ ಎಂದರೆ ಅದರಿಂದ ಇಳಿಸುವ ಒಂದೊಂದು ಬಾಕ್ಸ್. ಟೆಂಪೊದ ನಂಬರ್ ಒಂದೇ, ಬಾಕ್ಸ್‌ಗಳ ಮೇಲಿನ ಹೆಸರು ಬೇರೆಬೇರೆ. ಬಂದ ವಿಳಾಸ, ಟಿಎಲ್‌ಎಸ್ (ಕನೆಕ್ಷನ್ ಅನ್ನು ಗೂಢಲಿಪಿಯಲ್ಲಿ ಕಾಪಾಡುವ ವ್ಯವಸ್ಥೆ) ಆವೃತ್ತಿ, ಎಸ್‌ಎನ್‌ಐಯಲ್ಲಿ, ಎಂದರೆ ಕನೆಕ್ಷನ್ ತೆರೆಯುವಾಗಲೇ, ಕೇಳಿದ ತಾಣದ ಹೆಸರು, ಗ್ರಾಹಕನ ಪ್ರಮಾಣಪತ್ರ (ಕನೆಕ್ಷನ್ ತೆರೆಯುವವನ ಡಿಜಿಟಲ್ ಗುರುತು) ಇವೆಲ್ಲ ಕನೆಕ್ಷನ್‌ಗೆ ಸೇರಿದವು, ಅದು ಮುಚ್ಚುವವರೆಗೆ ಸಾಮಾನ್ಯವಾಗಿ ಬದಲಾಗುವುದಿಲ್ಲ. ಪಾತ್ (ಕೇಳಿದ ಪುಟದ ದಾರಿ), ಮೆಥಡ್ (ಓದುವುದೋ ಕಳುಹಿಸುವುದೋ), ಹೋಸ್ಟ್ (ತಾಣದ ಹೆಸರು), ಹೆಡರ್‌ಗಳು (ಜೊತೆಗೆ ಬರುವ ಟಿಪ್ಪಣಿಗಳು) ಪ್ರತಿ ರಿಕ್ವೆಸ್ಟ್‌ಗೂ ಹೊಸದು. ಇನ್ನೊಂದು ಮಾತೂ ಇದೆ: ಕನೆಕ್ಷನ್‌ನ ವಿಳಾಸವನ್ನು ಪ್ರಾಕ್ಸಿ ತಾನೇ ಕಂಡಿರುತ್ತದೆ, ಹೆಡರ್ ಮಾತ್ರ ಕಳುಹಿಸಿದವನ ಹೇಳಿಕೆ. ಮೂಲ ವಿಳಾಸ ತಿಳಿಸುವ ‘ಎಕ್ಸ್-ಫಾರ್ವರ್ಡೆಡ್-ಫಾರ್’ ಹೆಡರ್‌ನಲ್ಲಿ ಯಾರು ಯಾವ ವಿಳಾಸವನ್ನಾದರೂ ಬರೆದು ಕಳುಹಿಸಬಹುದು. ನಿಮ್ಮದೇ ಮುಂದಿನ ಯಂತ್ರ ಸೇರಿಸಿದ ಕೊನೆಯ ವಿಳಾಸವನ್ನಷ್ಟೇ ನಂಬಬೇಕು.

ಎಂಜಿನ್‌ಎಕ್ಸ್‌ನಿಂದ ಶುರುಮಾಡಿದ್ದು ಸಹಜ. 2004ರಿಂದ ಇರುವ ತಂತ್ರಾಂಶ, ಕೈಗೆ ಪಳಗಿದ್ದು. ಇದರಲ್ಲಿ ವಿವರಗಳೆಲ್ಲ ಡಾಲರ್ ಚಿಹ್ನೆಯ ವೇರಿಯಬಲ್‌ಗಳು. ನಮಗೆ ಬೇಕಾಗಿದ್ದ ನಿಯಮ ಇಷ್ಟೇ: ಆ್ಯಪ್ ಕಳುಹಿಸುವ ಟೋಕನ್ (ಬಳಕೆದಾರನ ಗುರುತಿನ ಚೀಟಿ) ಇದ್ದರೆ ಅದರ ಲೆಕ್ಕದಲ್ಲಿ ಎಣಿಸು, ಇಲ್ಲದಿದ್ದರೆ ವಿಳಾಸದ ಲೆಕ್ಕದಲ್ಲಿ ಎಣಿಸು. ‘ಮ್ಯಾಪ್’ ಎಂಬ ಸೂಚನೆಯಲ್ಲಿ ಇದು ನಾಲ್ಕು ಸಾಲಿಗೆ ಮುಗಿಯುತ್ತದೆ, ಓದಲು ಚೆಂದವಾಗಿಯೂ ಇರುತ್ತದೆ. ಇಷ್ಟು ಅಚ್ಚುಕಟ್ಟಾಗಿ ಉಳಿದೆರಡರಲ್ಲಿ ಬರೆಯಲಾಗಲಿಲ್ಲ.

ಆದರೆ ಒಂದು ಪರೀಕ್ಷೆ ಮಾಡಿದೆ. ಮಿತಿ ಹೇರುವ ನಿಯಮದಲ್ಲಿ ಟೋಕನ್ ಹೆಡರ್‌ನ ಹೆಸರನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದು, ಕಾನ್ಫಿಗ್ (ನಿಯಮಗಳ ಕಡತ) ತಪಾಸಣೆಗೆ ಕೊಟ್ಟೆ. ಎಲ್ಲ ಸರಿಯಿದೆ ಎಂದಿತು. ಹೆಡರ್‌ಗಳ ವೇರಿಯಬಲ್ ಯಾವ ಹೆಸರಿನದ್ದಾದರೂ ಇರಬಹುದು, ಆದ್ದರಿಂದ ಅದು ತಡೆಯುವಂತಿಲ್ಲ, ಅಷ್ಟು ನ್ಯಾಯವೇ. ಬೇಸರವಾಗಿದ್ದು ಮುಂದಿನ ಹೆಜ್ಜೆಯಲ್ಲಿ. ಇಲ್ಲದ ಹೆಡರ್‌ಗೆ ಖಾಲಿ ಬೆಲೆ ಬರುತ್ತದೆ. ಎಣಿಕೆಯ ಕೀ (ಯಾರ ಲೆಕ್ಕ ಎಂದು ಗುರುತಿಸುವ ಬೆಲೆ) ಖಾಲಿಯಾಗಿದ್ದರೆ ಆ ರಿಕ್ವೆಸ್ಟನ್ನು ಎಂಜಿನ್‌ಎಕ್ಸ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂದರೆ ಒಂದಕ್ಷರ ಆಚೀಚೆಯಾದರೆ ಮಿತಿ ಪೂರ್ತಿ ಮಾಯ. ಲಾಗ್‌ನಲ್ಲಿ ಒಂದು ಸಾಲಿಲ್ಲ, ಎಚ್ಚರಿಕೆಯಿಲ್ಲ. ಇದು ಕೈಪಿಡಿಯಲ್ಲಿ ಬರೆದಿಟ್ಟಿರುವ ನಡವಳಿಕೆ, ದೋಷವಲ್ಲ. ಖಾಲಿ ಕೀಯನ್ನು ಉಪಾಯವಾಗಿ ಬಳಸಿ ಕೆಲವರಿಗೆ ವಿನಾಯಿತಿ ಕೊಡುವವರೂ ಇದ್ದಾರೆ. ಆದರೆ ಬೆಳಗಿನ ಹರಾಜಿನ ಹೊತ್ತಿಗೆ ಇಬ್ಬರೇ ಕುಳಿತು ನೋಡಿಕೊಳ್ಳುವ ಸೇವೆಗೆ, ಮೌನವಾಗಿ ಕಳಚಿಕೊಳ್ಳುವ ಬೀಗ ನನಗೆ ಬೇಡ.

ಎನ್ವಾಯ್ ಬಗ್ಗೆ ನನಗೆ ಗೌರವ ಹೆಚ್ಚು. ಲಿಫ್ಟ್ ಸಂಸ್ಥೆಯಲ್ಲಿ ಹುಟ್ಟಿ 2016ರಲ್ಲಿ ಮುಕ್ತ ತಂತ್ರಾಂಶವಾಯಿತು. ವಿವರಗಳಿಗೆ ಹೆಸರಿಡುವುದರಲ್ಲಿ ಇದಕ್ಕೆ ಸಮನಿಲ್ಲ: ರಿಕ್ವೆಸ್ಟ್‌ನದು ರಿಕ್ವೆಸ್ಟ್ ಎಂಬ ಹೆಸರಿನಡಿ, ಕನೆಕ್ಷನ್‌ನದು ಕನೆಕ್ಷನ್ ಎಂಬ ಹೆಸರಿನಡಿ, ಮೂಲ, ಗುರಿ, ಹಿಂದಿನ ಸರ್ವರ್, ಉತ್ತರ ಎಲ್ಲಕ್ಕೂ ಪ್ರತ್ಯೇಕ ಮನೆ. ಹೊಸಬರಿಗೆ ಈ ಎರಡರ ವ್ಯತ್ಯಾಸ ಕಲಿಸಬೇಕಾದರೆ ನಾನು ಎನ್ವಾಯ್‌ನ ಆ ಪಟ್ಟಿಯನ್ನೇ ತೆರೆದು ತೋರಿಸುತ್ತೇನೆ.

ಬಳಕೆಗೆ ಇಳಿದಾಗ ಮಾತು ಬೇರೆ. ಮೂಲದ ವಿಳಾಸ ಎಂಬ ವಿವರದಲ್ಲಿ ಐಪಿಯ ಜೊತೆಗೆ ಪೋರ್ಟ್ ಸಂಖ್ಯೆಯೂ ಅಂಟಿಕೊಂಡು ಬರುತ್ತದೆ. ಬರೀ ಐಪಿಗೆ ಹೋಲಿಸಿದರೆ ಎಂದೂ ಸಮವಾಗುವುದಿಲ್ಲ. ಲಾಗ್ ಸೋಸುವ ನಿಯಮವನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ಆದರೆ ಪ್ರವೇಶ ನಿಯಮದ ಷರತ್ತನ್ನು ಬಿಡಿಬಿಡಿಯಾಗಿ ಒಡೆದ ಮರದ ರೂಪದಲ್ಲಿ ಯಾಮಲ್ ಎಂಬ ಬಗೆಯ ಕಡತದಲ್ಲಿ ಕೊಡಬೇಕು. ಒಂದು ಸರಳ ಹೋಲಿಕೆಗೆ ಪುಟದ ಮುಕ್ಕಾಲು ಭಾಗ ಹೋಯಿತು. ರಿಕ್ವೆಸ್ಟ್‌ನ ಒಟ್ಟು ಅವಧಿಯಂಥ ವಿವರ ಎಲ್ಲ ಮುಗಿದ ಮೇಲಷ್ಟೇ ಸಿಗುತ್ತದೆ. ಅದನ್ನು ಆರಂಭದಲ್ಲೇ ಕೇಳುವ ಷರತ್ತು ಸುಮ್ಮನೆ ಹೊಂದದೆ ಉಳಿಯುತ್ತದೆ. ಇಪ್ಪತ್ತು ಮೂವತ್ತು ಸೇವೆಗಳನ್ನು ಒಂದಕ್ಕೊಂದು ಜೋಡಿಸಿ, ನಿಯಮಗಳನ್ನು ಇನ್ನೊಂದು ತಂತ್ರಾಂಶದಿಂದ ಹುಟ್ಟಿಸುವವರಿಗೆ ಎನ್ವಾಯ್ ಸರಿ. ಕೈಯಿಂದ ಬರೆಯುವ ನಮಗಲ್ಲ.

ಇನ್ನು ಎಚ್‌ಎಪ್ರಾಕ್ಸಿ. ಇದರಲ್ಲೂ ನನ್ನನ್ನು ಕಾಡಿದ ಒಂದು ತೊಡಕಿದೆ, ಅದನ್ನು ಬಿಡಿಸಿ ಹೇಳುತ್ತೇನೆ. ಏಕೆಂದರೆ ಆ ತೊಡಕೇ ನಾನು ಇದನ್ನು ಆರಿಸಿಕೊಳ್ಳಲು ಕಾರಣ.

ದರದ ಪುಟಗಳಿಗೆ ಮಾತ್ರ, ಉತ್ತರದಲ್ಲಿ ‘ಸ್ವಲ್ಪ ಹೊತ್ತು ಫೋನ್‌ನಲ್ಲೇ ಉಳಿಸಿಕೊ’ ಎಂಬ ಕ್ಯಾಶ್ ಹೆಡರ್ ಸೇರಿಸಬೇಕಿತ್ತು. ಉತ್ತರದ ಹಂತದ ನಿಯಮಕ್ಕೆ ‘ಪಾತ್ ಹೀಗೆ ಶುರುವಾದರೆ’ ಎಂಬ ಷರತ್ತು ಕೊಟ್ಟೆ. ಎಂಜಿನ್‌ಎಕ್ಸ್‌ನಲ್ಲಿ ಇಂಥದ್ದು ತಕರಾರಿಲ್ಲದೆ ನಡೆಯುತ್ತದೆ. ಎಚ್‌ಎಪ್ರಾಕ್ಸಿಯ ತಪಾಸಣೆ ಮಾತ್ರ ತಡೆದು, ಪಾತ್ ಎಂಬ ವಿವರ ಉತ್ತರದ ಹಂತದ ನಿಯಮಕ್ಕೆ ಹೊಂದುವುದಿಲ್ಲ, ಈ ಷರತ್ತು ಎಂದೂ ನಿಜವಾಗುವುದಿಲ್ಲ ಎಂದು ಸಾಲು ಸಂಖ್ಯೆಯ ಸಮೇತ ಎಚ್ಚರಿಸಿತು. ಉತ್ತರ ಬರುವ ಹೊತ್ತಿಗೆ ರಿಕ್ವೆಸ್ಟ್ ಹಿಂದಿನ ಸರ್ವರ್‌ಗೆ ಹೋಗಿಯಾಗಿದೆ. ಅದರ ಅಕ್ಷರಗಳನ್ನು ಎಚ್‌ಎಪ್ರಾಕ್ಸಿ ಹಿಡಿದಿಟ್ಟುಕೊಂಡು ಕೂರುವುದಿಲ್ಲ.

ಪರಿಹಾರವೆಂದರೆ ರಿಕ್ವೆಸ್ಟ್ ಬಂದಾಗಲೇ ಪಾತ್ ಅನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುವುದು. ಆ ವೇರಿಯಬಲ್‌ಗೆ ಆಯುಷ್ಯವನ್ನೂ ನೀವೇ ನಿಗದಿ ಮಾಡಬೇಕು. ‘ರೆಕ್’ ಎಂದು ಕರೆದರೆ ರಿಕ್ವೆಸ್ಟ್ ಹಂತ ಮುಗಿದೊಡನೆ ಅಳಿದುಹೋಗುತ್ತದೆ. ‘ಟಿಎಕ್ಸ್‌ಎನ್’ ಎಂದರೆ ಉತ್ತರ ಮುಗಿಯುವವರೆಗೆ ಬದುಕುತ್ತದೆ. ‘ಸೆಸ್’ ಎಂದರೆ ಒಂದು ರಿಕ್ವೆಸ್ಟ್ ಮುಗಿದರೂ ಸೆಷನ್ ಇರುವವರೆಗೆ ಉಳಿಯುತ್ತದೆ. ಪಾತ್ ಅನ್ನು ‘ಸೆಸ್’ನಲ್ಲಿ ಇಡುವುದು ತಪ್ಪು, ಗ್ರಾಹಕ ಪ್ರಮಾಣಪತ್ರದ ಹೆಸರನ್ನು ಇಡುವುದು ಸರಿ. ಮೊದಲಿಗೆ ಇದು ಕಿರಿಕಿರಿ. ಒಂದು ಹೆಡರ್ ಸೇರಿಸಲು ಎರಡು ಕಡೆ ಬರೆಯಬೇಕು, ಯಾವುದರ ಆಯುಷ್ಯ ಎಷ್ಟು ಎಂದು ಪ್ರತಿ ಸಲ ಯೋಚಿಸಬೇಕು. ಆದರೆ ಕೆಲವೇ ದಿನಗಳಲ್ಲಿ ನನ್ನ ನಿಯಮಗಳೆಲ್ಲ ತಾವಾಗಿಯೇ ವಿಂಗಡವಾದವು. ಯಾವುದು ಟೆಂಪೊಗೆ ಸೇರಿದ್ದು, ಯಾವುದು ಬಾಕ್ಸ್‌ಗೆ ಸೇರಿದ್ದು ಎಂದು ಕಡತ ನೋಡಿದರೇ ಕಾಣುತ್ತದೆ.

ಒಂದು ಎಚ್ಚರಿಕೆ: ಎಚ್ಚರಿಸಿದ ಮೇಲೂ ಎಚ್‌ಎಪ್ರಾಕ್ಸಿ ಚಾಲೂ ಆಗಿಬಿಡುತ್ತದೆ. ‘ಗ್ಲೋಬಲ್’ ಭಾಗದಲ್ಲಿ ‘ಜೀರೋ-ವಾರ್ನಿಂಗ್’ ಎಂದು ಸೇರಿಸಿದರೆ ಎಚ್ಚರಿಕೆ ಇದ್ದಾಗ ಶುರುವಾಗುವುದೇ ಇಲ್ಲ. ನಾನು ಬರೆಯುವ ಪ್ರತಿ ಕಡತದಲ್ಲೂ ಆ ಸಾಲು ಇರುತ್ತದೆ. ಹೆಡರ್ ಹೆಸರಿನ ಕಾಗುಣಿತ ತಪ್ಪನ್ನು ಇದೂ ಹಿಡಿಯುವುದಿಲ್ಲ. ಆದರೆ ‘ಆ ಹೆಡರ್ ಸಿಕ್ಕಿತೇ’ ಎಂದು ಬೇರೆಯಾಗಿ ಕೇಳುವ ಸೌಕರ್ಯವಿದೆ. ಕೀ ಸಿಗದಿದ್ದರೆ ವಿಳಾಸ, ಅದೂ ಇಲ್ಲದಿದ್ದರೆ ನಿರಾಕರಣೆ ಎಂದು ಬರೆದಿಟ್ಟರೆ ಬೀಗ ಮೌನವಾಗಿ ಕಳಚುವುದಿಲ್ಲ.

ಹೊಸ ಬಗೆಯ ಉದ್ದದ ವಿಳಾಸವಾದ ಐಪಿವಿ6ರ ವಿಚಾರದಲ್ಲೂ ಇದು ಕೆಲಸ ಉಳಿಸಿತು. ಐಪಿವಿ6ರಲ್ಲಿ ಫೋನ್‌ಗೆ ಸಾಮಾನ್ಯವಾಗಿ 64 ಬಿಟ್‌ನ ಇಡೀ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಸಿಗುತ್ತದೆ, ಕೊನೆಯ 64 ಬಿಟ್ ಬದಲಾಗುತ್ತಿರುತ್ತದೆ. ಪೂರ್ತಿ ವಿಳಾಸ ಎಣಿಸಿದರೆ ಒಬ್ಬನೇ ಸಾವಿರ ಜನರಂತೆ ಕಾಣುತ್ತಾನೆ. ಎಚ್‌ಎಪ್ರಾಕ್ಸಿಯಲ್ಲಿ ವಿಳಾಸದ ನಂತರ ‘ಐಪಿಮಾಸ್ಕ್’ (ಮೊದಲ ಇಷ್ಟು ಬಿಟ್ ಮಾತ್ರ ನೋಡು ಎಂಬ ಸೂಚನೆ) ಸೇರಿಸಿ, ಐಪಿವಿ4ಕ್ಕೆ 32, ಐಪಿವಿ6ಕ್ಕೆ 64 ಎಂದರೆ ಮುಗಿಯಿತು. ಟೋಕನ್ ನಕಲಿಯೇ ಎಂಬುದನ್ನೂ ಪ್ರಾಕ್ಸಿಯಲ್ಲೇ ನೋಡಬಹುದು. 2021ರಲ್ಲಿ ಬಂದ 2.5ನೇ ಆವೃತ್ತಿಯಿಂದ ಜೆಡಬ್ಲ್ಯುಟಿ (ಸಹಿ ಇರುವ ಒಂದು ಬಗೆಯ ಟೋಕನ್) ಸಹಿ ಪರಿಶೀಲನೆ ಒಳಗೇ ಇದೆ. ಪರಿಶೀಲಿಸದ ಟೋಕನ್‌ನ ಲೆಕ್ಕದಲ್ಲಿ ಮಿತಿ ಹೇರುವುದು ವ್ಯರ್ಥ, ಪ್ರತಿ ಸಲ ಹೊಸ ಟೋಕನ್ ಬರೆದು ಕಳುಹಿಸಿದರೆ ಮಿತಿಗೆ ಅರ್ಥವೇ ಇರುವುದಿಲ್ಲ.

ಎಂಜಿನ್‌ಎಕ್ಸ್‌ಗೆ ಸಲ್ಲಬೇಕಾದ ಮೆಚ್ಚುಗೆಯೊಂದಿದೆ. ಮಂಡಿ ಮಾಲೀಕರ ಲೆಕ್ಕದ ತಾಣಕ್ಕೆ ಗ್ರಾಹಕ ಪ್ರಮಾಣಪತ್ರ ಕಡ್ಡಾಯ, ದರದ ತಾಣಕ್ಕೆ ಬೇಡ. ಎರಡೂ ಒಂದೇ ಐಪಿಯಲ್ಲಿ, ಒಂದೇ ವೈಲ್ಡ್‌ಕಾರ್ಡ್ (ಹಲವು ಉಪತಾಣಗಳಿಗೆ ಸಲ್ಲುವ) ಪ್ರಮಾಣಪತ್ರದಡಿ ಇದ್ದವು. ಎಚ್‌ಟಿಟಿಪಿ/2ರಲ್ಲಿ ಬ್ರೌಸರ್ ದರದ ತಾಣಕ್ಕೆ ತೆರೆದ ಕನೆಕ್ಷನ್‌ನಲ್ಲೇ ಲೆಕ್ಕದ ತಾಣದ ರಿಕ್ವೆಸ್ಟನ್ನೂ ಕಳುಹಿಸಬಹುದು. ಆಗ ಎಸ್‌ಎನ್‌ಐ ಒಂದು ಹೆಸರು ಹೇಳುತ್ತದೆ, ಹೋಸ್ಟ್ ಇನ್ನೊಂದು ಹೇಳುತ್ತದೆ. ಎಸ್‌ಎನ್‌ಐ ನೋಡಿ ‘ಪ್ರಮಾಣಪತ್ರ ಕೇಳು’ ಎಂದು ಬರೆದ ನಿಯಮ ಇಲ್ಲಿ ಕೇಳುವುದೇ ಇಲ್ಲ. ಪ್ರಮಾಣಪತ್ರ ಕಡ್ಡಾಯವಿರುವ ತಾಣದಲ್ಲಿ ಈ ಎರಡು ಹೆಸರು ಬೇರೆಯಾದರೆ ಎಂಜಿನ್‌ಎಕ್ಸ್ ತಾನಾಗಿಯೇ 421 (ರಿಕ್ವೆಸ್ಟ್ ತಪ್ಪು ಕನೆಕ್ಷನ್‌ನಲ್ಲಿ ಬಂದಿದೆ) ಎಂಬ ಉತ್ತರ ಕೊಟ್ಟು ಹೊಸ ಕನೆಕ್ಷನ್ ತೆರೆಯುವಂತೆ ಮಾಡುತ್ತದೆ. ಎಚ್‌ಎಪ್ರಾಕ್ಸಿಯಲ್ಲಿ ಆ ಹೋಲಿಕೆಯನ್ನು ನಾವೇ ಬರೆಯಬೇಕು. ಎಸ್‌ಎನ್‌ಐಯನ್ನು ಹೋಸ್ಟ್‌ಗೆ ಬದಲಿಯಾಗಿ ಬಳಸಬೇಡಿ ಎಂದು ಅದರ ಕೈಪಿಡಿ ಎಚ್ಚರಿಸುತ್ತದೆ, ಅಷ್ಟೇ. ನಾನು ನಿಯಮವನ್ನೂ ಬರೆದೆ, ಎರಡು ತಾಣಗಳ ಪ್ರಮಾಣಪತ್ರವನ್ನೂ ಬೇರೆ ಮಾಡಿದೆ.

ಖರ್ಚಿನಲ್ಲಿ ಹೇಳುವಂಥದ್ದಿಲ್ಲ: ಮೂರೂ ಉಚಿತ, ಬಾಡಿಗೆ ಯಂತ್ರ ಮೊದಲಿನದೇ. ಗೇಟ್‌ವೇಗೆ ಕಟ್ಟುತ್ತಿದ್ದ ಹಣ ಪೂರ್ತಿ ಉಳಿಯಿತು. ಎಂಜಿನ್‌ಎಕ್ಸ್ ಅನ್ನು ಕಿತ್ತುಹಾಕಿಲ್ಲ, ಚಿತ್ರಗಳನ್ನೂ ಸ್ಥಿರ ಪುಟಗಳನ್ನೂ ಹಿಂದೆ ನಿಂತು ಅದೇ ಕೊಡುತ್ತದೆ. ಮುಂದೆ ಎಚ್‌ಎಪ್ರಾಕ್ಸಿ.

ನೀವೂ ಇದನ್ನೇ ಹಾಕುವುದಾದರೆ 2.8 ಅಥವಾ 3.0ಯಂತೆ ಚುಕ್ಕಿಯ ನಂತರ ಸಮಸಂಖ್ಯೆ ಇರುವ ಆವೃತ್ತಿಯನ್ನೇ ಆರಿಸಿ. ಅವಕ್ಕೆ ವರ್ಷಗಟ್ಟಲೆ ದುರಸ್ತಿ ಸಿಗುತ್ತದೆ. ನಿಯಮ ಬದಲಿಸಿದ ದಿನ ಒಂದು ಫೋನ್‌ನ ಮೊಬೈಲ್ ಡೇಟಾದಿಂದ, ಒಮ್ಮೆ ಟೋಕನ್ ಇಟ್ಟು ಒಮ್ಮೆ ತೆಗೆದು, ಮಿತಿ ಮುಟ್ಟುವವರೆಗೆ ರಿಕ್ವೆಸ್ಟ್ ಕಳುಹಿಸಿ ನೋಡಿ. ಕಚೇರಿಯ ವೈಫೈಯಿಂದ ಮಾಡಿದ ಪರೀಕ್ಷೆಯಲ್ಲಿ ಹಂಚಿಕೊಂಡ ವಿಳಾಸದ ಸಮಸ್ಯೆ ಕಾಣಿಸಿಕೊಳ್ಳುವುದೇ ಇಲ್ಲ.